ಹೋಗದೇ ಇದ್ದ ದಿನದ ಟಿಕೆಟ್

ಕೊರೋನಾ ಕಾಲದ ನಿರ್ಬಂಧಗಳು ಮುಗಿದು ರೈಲುಗಳು ಮತ್ತೆ ಮೊದಲಿನಂತೆ ತುಂಬಿ ಓಡತೊಡಗಿದ್ದ ವರ್ಷ ಅದು. ಆಗ ನಾನು ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಎಕ್ಸ್‌ಪ್ರೆಸ್ ಒಂದರಲ್ಲಿ ಟಿಟಿಇ ಆಗಿದ್ದೆ. ಓಡುವ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಹುದ್ದೆ ಅದು. ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು. ಮನೆ ಚನ್ನಪಟ್ಟಣದಲ್ಲಿ. ನಮ್ಮ ಯಜಮಾನರು ಅಲ್ಲೇ ಮರದ ಬೊಂಬೆಗಳಿಗೆ ಅರಗಿನ ಬಣ್ಣ ಹಾಕುವ ಪುಟ್ಟ ಕಾರ್ಖಾನೆ ನಡೆಸುತ್ತಿದ್ದರು. ಹಾಗಾಗಿ ಆ ರೈಲು ಹತ್ತುತ್ತಿದ್ದ ಅರ್ಧಕ್ಕರ್ಧ ಜನ ನನಗೆ ಮುಖಪರಿಚಯ. ಪರಿಚಯದವರ ಟಿಕೆಟ್ ಕೇಳುವಷ್ಟು ಮುಜುಗರದ ಕೆಲಸ ಇನ್ನೊಂದಿಲ್ಲ. ದಂಡ ಹಾಕಿದರಂತೂ ಅದು ಸಂತೆಯವರೆಗೂ ನಮ್ಮ ಹಿಂದೆ ಬರುತ್ತದೆ.

ಟಿಕೆಟ್ಟೇ ಇಲ್ಲದವರಿಗಿಂತ ತಪ್ಪು ಟಿಕೆಟ್ ಇಟ್ಟುಕೊಂಡವರ ಜೊತೆ ಜಗಳ ಹೆಚ್ಚು. ಟಿಕೆಟ್ ಇಲ್ಲದವನು ಒಳಗೊಳಗೇ ಅಳುಕುತ್ತಿರುತ್ತಾನೆ. ತಪ್ಪು ಟಿಕೆಟಿನವನಿಗೆ ಆ ಅಳುಕಿಲ್ಲ. ಅವನು ದುಡ್ಡು ಕೊಟ್ಟಿದ್ದಾನೆ, ಕೈಯಲ್ಲಿ ಕಾಗದವಿದೆ. ಅದು ಬೇರೆ ದರ್ಜೆಯದು, ಬೇರೆ ರೈಲಿನದು ಎಂದರೆ ನಾವೇ ಮೋಸ ಮಾಡುತ್ತಿದ್ದೇವೆ ಎಂದು ಅವನಿಗೆ ಅನ್ನಿಸುತ್ತದೆ.

ನಮ್ಮ ರೈಲಿನ ನಿತ್ಯದ ತಕರಾರು ಪಾಸಿನದು. ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿ ಬರುವವರಿಗೆ ಕಡಿಮೆ ದರದಲ್ಲಿ ಸೀಸನ್ ಟಿಕೆಟ್ ಸಿಗುತ್ತದೆ. ಅದಕ್ಕೆ ಎಲ್ಲರೂ ಪಾಸ್ ಅನ್ನುತ್ತಾರೆ. ನಮ್ಮ ರೈಲಿನಲ್ಲಿ ಅದು ಜನರಲ್ ಬೋಗಿಗೆ ಮಾತ್ರ ಸಲ್ಲುತ್ತಿತ್ತು, ಮುಂಗಡ ಕಾಯ್ದಿರಿಸಿದ ಬೋಗಿಗೆ ಸಲ್ಲುತ್ತಿರಲಿಲ್ಲ. ಅಲ್ಲಿ ಪಾಸ್ ಹಿಡಿದು ಕೂತವರಿಂದ ದರದ ವ್ಯತ್ಯಾಸವನ್ನೂ ದಂಡವನ್ನೂ ವಸೂಲಿ ಮಾಡಬೇಕು. ಆದರೆ ಚನ್ನಪಟ್ಟಣದಲ್ಲಿ ಹತ್ತುವ ಒಂದು ಗುಂಪು ರಿಸರ್ವ್ಡ್ ಬೋಗಿಯ ನಡುಭಾಗವನ್ನು ತಮ್ಮ ಮನೆಯ ಜಗುಲಿ ಮಾಡಿಕೊಂಡಿತ್ತು. ಗುಂಪಿನ ಮುಂದಾಳು ಸಿದ್ದರಾಜು. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ, ಒಳ್ಳೆಯ ಮಾತುಗಾರ. ಪಾಸಿನವರಿಗೆ ಏನೇ ತೊಂದರೆಯಾದರೂ ಮೊದಲು ಓಡಿ ಬರುವ ಮನುಷ್ಯ.

ಅವರ ದೂರಿನಲ್ಲಿ ಹುರುಳಿರಲಿಲ್ಲ ಎಂದಲ್ಲ. ಜನರಲ್ ಬೋಗಿಗಳಲ್ಲಿ ಜನ ಬಾಗಿಲಿಗೆ ನೇತಾಡುತ್ತಿದ್ದರು. "ಅಲ್ಲಿ ಕಾಲಿಡಕ್ಕೆ ಜಾಗ ಐತಾ ಮೇಡಂ? ನೀವೊಂದ್ಸಲ ಹತ್ತಿ ತೋರ್ಸಿ, ಆಮೇಲೆ ನಾವು ಎದ್ದೇಳ್ತೀವಿ" ಎಂದು ಸಿದ್ದರಾಜು ಕೇಳುತ್ತಿದ್ದ. ಬೋಗಿ ಹೆಚ್ಚಿಸುವುದು ನನ್ನ ಕೈಯಲ್ಲಿರಲಿಲ್ಲ. ಹಲವು ಬಾರಿ ಎಚ್ಚರಿಸಿದೆ, ಕೆಲವರಿಗೆ ದಂಡವನ್ನೂ ಹಾಕಿದೆ. ಮಾರನೆಯ ದಿನ ಮತ್ತೆ ಅವರೇ, ಅದೇ ಸೀಟು. ನಾನು ಬೋಗಿಗೆ ಕಾಲಿಟ್ಟರೆ "ಬಂತು ಕಣ್ರಲಾ ಮಾರಿ" ಎಂದು ಯಾರೋ ಹೇಳುವುದು, ಉಳಿದವರು ನಗುವುದು ಮಾಮೂಲಾಗಿತ್ತು.

ಆ ದಿನ ಚನ್ನಪಟ್ಟಣದಲ್ಲಿ ಗುಂಪು ಎಂದಿನಂತೆ ನುಗ್ಗಿ ಕೂತ ಮೇಲೆ, ಕೊನೆಯಲ್ಲಿ ಒಬ್ಬ ಹೆಂಗಸು ಗಂಡನನ್ನು ತೋಳು ಹಿಡಿದು ಹತ್ತಿಸಿಕೊಂಡು ಬಂದಳು. ಹೆಸರು ಕೆಂಪಮ್ಮ. ಕಬ್ಬಾಳಿನ ಕಡೆಯವರು, ಕುರಿ ಸಾಕುವ ಮನೆ. ಗಂಡ ಜವರಯ್ಯ ಬಂಡೆಯಿಂದ ಜಾರಿ ಬಿದ್ದು ತೊಡೆಗೆ ರಾಡು ಹಾಕಿಸಿಕೊಂಡಿದ್ದ. ಬೆಂಗಳೂರಿನ ಆಸ್ಪತ್ರೆಗೆ ತೋರಿಸಲು ಹೊರಟಿದ್ದರು. ಬಸ್ಸಿನ ಕುಲುಕಾಟ ಕಾಲಿಗೆ ಆಗುವುದಿಲ್ಲವೆಂದು ಊರಿನ ಯಾರಿಂದಲೋ ರೈಲಿನ ಸೀಟು ಮಾಡಿಸಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಕಂಡದ್ದು ಇಷ್ಟೇ: ಊರುಗೋಲು ಹಿಡಿದು ಬೆವರುತ್ತಿರುವ ಗಂಡಸು, ಸಿದ್ದರಾಜುವಿನ ಮುಂದೆ ನಿಂತು ಟಿಕೆಟ್ ಚಾಚಿದ ಹೆಂಗಸು.

"ಇದು ನಮ್ಮ ಸೀಟು ಕಣಪ್ಪ. ಒಸಿ ಎದ್ದೇಳಿ."

"ಒಂದ್ಗಂಟೆ ದಾರಿ ಕಣಮ್ಮ, ಅಲ್ಲೇ ಎಲ್ಲಾದ್ರೂ ಅಡ್ಜಸ್ಟ್ ಮಾಡ್ಕೊ" ಎಂದ ಸಿದ್ದರಾಜು. ಪಕ್ಕದವನು ಪೇಪರಿನಿಂದ ಕಣ್ಣೆತ್ತಲೂ ಇಲ್ಲ.

ನಾನು ಅಷ್ಟರಲ್ಲಿ ಅಲ್ಲಿಗೆ ಬಂದಿದ್ದೆ. "ನಿಮ್ಮ ಪಾಸು ಈ ಬೋಗಿಗೆ ಸಲ್ಲುವುದಿಲ್ಲ ಅಂತ ನಿಮಗೆ ಗೊತ್ತಿದೆ. ಎದ್ದು ಅವರಿಗೆ ಜಾಗ ಬಿಡಿ. ಇಲ್ಲೇ ಕೂರಬೇಕಾದರೆ ವ್ಯತ್ಯಾಸ ಕಟ್ಟಿ, ಬೇರೆ ಕಡೆ ಸೀಟು ಖಾಲಿಯಿದ್ದರೆ ಕೊಡುತ್ತೇನೆ" ಎಂದೆ.

"ನಾವು ಕಟ್ಟಲ್ಲ, ಎದ್ದೇಳೋದೂ ಇಲ್ಲ. ಏನ್ ಮಾಡ್ಕೊಂತೀರೋ ಮಾಡ್ಕೊಳ್ಳಿ."

ಹೀಗೆಂದವನು ಕೆಂಪಮ್ಮನ ಕೈಯಿಂದ ಟಿಕೆಟ್ ಕಿತ್ತುಕೊಂಡು ನೋಡಿದ. ಅವನ ಮುಖ ಅರಳಿತು. "ಲೇ, ನೋಡ್ರಲಾ ಇಲ್ಲಿ! ಇದು ನಿನ್ನೆ ಟಿಕೇಟು!" ಎಂದು ಇಡೀ ಬೋಗಿಗೆ ಕೇಳುವಂತೆ ಕೂಗಿದ.

ನಾನು ತೆಗೆದುಕೊಂಡು ನೋಡಿದೆ. ರೈಲು ಇದೇ, ಬೋಗಿ ಇದೇ, ಸೀಟಿನ ಸಂಖ್ಯೆಯೂ ಸರಿ. ದಿನಾಂಕ ಮಾತ್ರ ಹಿಂದಿನ ದಿನದ್ದು.

"ಯಾಕಮ್ಮ, ಇದು ನಿನ್ನೆಯದಲ್ಲವಾ?" ಎಂದೆ.

"ಊಂ, ನಿನ್ನೆದೇಯ. ಡಾಕ್ಟ್ರು ಇವತ್ತು ಬರಲ್ಲ, ನಾಳೆ ಬನ್ನಿ ಅಂತ ನಿನ್ನೆ ಫೋನ್ ಬಂತು. ಅದ್ಕೆ ನಾವು ಹೊರಡ್ಲೇ ಇಲ್ಲ ಕಣವ್ವ. ಹೋಗ್ದೇ ಇರೋ ಟಿಕೇಟು ಹೆಂಗೆ ಮುಗ್ದೋಯ್ತದೆ?"

ಸೇವೆಯಲ್ಲಿ ಎಷ್ಟೋ ನೆಪ ಕೇಳಿದ್ದೇನೆ. ಇದು ನೆಪವಾಗಿರಲಿಲ್ಲ. ಬಳಸದ ಸಾಮಾನು ಹಾಗೇ ಉಳಿದಿರುತ್ತದೆ ಎಂದು ನಂಬಿದ ಮನಸ್ಸು ಅದು. ಆದರೆ ದಿನಾಂಕ ಕಳೆದ ಟಿಕೆಟಿನಲ್ಲಿ ಪ್ರಯಾಣಿಸಿದರೆ ನಿಯಮದ ಪ್ರಕಾರ ಟಿಕೆಟ್ ಇಲ್ಲದೆ ಪ್ರಯಾಣಿಸಿದಂತೆಯೇ. ಪೂರ್ತಿ ದರ, ಮೇಲೆ ದಂಡ.

"ಹಾಕಿ ಮೇಡಂ ದಂಡ!" ಎಂದ ಸಿದ್ದರಾಜು. "ಕಾನೂನು ನಮಗೊಂದು ಇವರಿಗೊಂದಾ? ಇವರಿಗೆ ಬುಟ್ಟರೆ ನಮಗೂ ಬುಡಬೇಕು." ಅಷ್ಟರಲ್ಲಿ ಇಬ್ಬರು ಮೂವರು ಮೊಬೈಲ್ ಎತ್ತಿ ಹಿಡಿದಿದ್ದರು. ರಾಮನಗರ ಬಂತು. ಇನ್ನಷ್ಟು ಪಾಸಿನವರು ಹತ್ತಿ ನಮ್ಮ ಸುತ್ತ ಒತ್ತರಿಸಿದರು. ಜವರಯ್ಯ ಸೀಟಿನ ಬೆನ್ನು ಹಿಡಿದು ಒಂಟಿಕಾಲಲ್ಲಿ ನಿಂತೇ ಇದ್ದ. ಅವನಿಗೆ ಜಾಗ ಕೊಡಲು ಆ ಗುಂಪಿನಲ್ಲಿ ಒಬ್ಬನೂ ಅಲ್ಲಾಡಲಿಲ್ಲ.

ಹೆಂಗಸಿನ ಪರವಾಗಿ ನಾನೇ ಕಟ್ಟಿಬಿಡಲೇ ಎಂಬ ಯೋಚನೆ ಬಂತು. ಕಟ್ಟಿದ್ದರೆ ಟಿಟಿಇಯೇ ಆಕೆಯನ್ನು ಹತ್ತಿಸಿಕೊಂಡು ಬಂದಳು ಎಂಬ ಮಾತು ಹುಟ್ಟುತ್ತಿತ್ತು. ಬಿಟ್ಟುಬಿಟ್ಟಿದ್ದರೆ ಸಿದ್ದರಾಜುವಿನ ವಾದ ಗೆಲ್ಲುತ್ತಿತ್ತು, ಜವರಯ್ಯ ಬೆಂಗಳೂರಿನವರೆಗೂ ನಿಂತೇ ಹೋಗುತ್ತಿದ್ದ. ಉಳಿದದ್ದು ಒಂದೇ ದಾರಿ. ಕೈಯಲ್ಲಿದ್ದ ಯಂತ್ರದಲ್ಲಿ ಆ ದಿನದ ಚಾರ್ಟ್ ನೋಡಿದೆ. ಸಿದ್ದರಾಜು ಮತ್ತು ಅವನ ಪಕ್ಕದವನು ಕೂತಿದ್ದ ಸೀಟುಗಳು ಅಂದು ಯಾರ ಹೆಸರಿಗೂ ಇರಲಿಲ್ಲ. ಖಾಲಿ ಸೀಟನ್ನು ಹಂಚುವ ಅಧಿಕಾರ ಟಿಟಿಇಗಿದೆ, ಆದರೆ ಸರಿಯಾದ ಟಿಕೆಟ್ ಇರುವವರಿಗೆ ಮಾತ್ರ. ಮೊದಲು ಈ ದಂಪತಿಯ ಟಿಕೆಟ್ ಸರಿಯಾಗಬೇಕಿತ್ತು.

"ಅಮ್ಮಾ, ನೀವು ದಂಡ ಕಟ್ಟಬೇಕಾಗುತ್ತೆ. ಕಟ್ಟಿದರೆ ಈ ಸೀಟು ನಿಮ್ಮದೇ" ಎಂದೆ.

ಆಕೆ ನನ್ನನ್ನು ದಿಟ್ಟಿಸಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಆ ಗಂಡಸ್ರಿಗೆ ಹೆದರ್ಕಂಡು ನನ್ನ ಮ್ಯಾಲೆ ಹಾಕ್ತೀಯಾ? ನೀನೂ ಹೆಂಗಸಾ? ನಿನ್ನ ಮನೆ ಎಕ್ಕುಟ್ಟೋಗ!" ಎಂದಳು. ಸೆರಗಿನ ಗಂಟು ಬಿಚ್ಚಿ ಆಸ್ಪತ್ರೆಗೆಂದು ಕಟ್ಟಿಕೊಂಡಿದ್ದ ಹಣದಲ್ಲಿ ತೆಗೆದು ನನ್ನ ಕೈಗೆ ಕೊಡದೆ ಸೀಟಿನ ಮೇಲೆ ಎಸೆದಳು. ಗುಂಪು ಚಪ್ಪಾಳೆ ತಟ್ಟಿತು. ನಾನು ಆಯ್ದುಕೊಂಡು ಇಬ್ಬರಿಗೂ ಹೊಸ ಟಿಕೆಟ್ ಬರೆದು, ಸೀಟಿನ ಸಂಖ್ಯೆ ನಮೂದಿಸಿ ಕೊಟ್ಟೆ.

ನಂತರ ಸಿದ್ದರಾಜುವಿನ ಕಡೆ ತಿರುಗಿದೆ. "ಕಾನೂನು ಎಲ್ಲರಿಗೂ ಒಂದೇ ಅಂದಿರಲ್ಲ. ಈಗ ಈ ಸೀಟಿಗೆ ಟಿಕೆಟ್ ಇರುವವರು ಇವರು. ಎದ್ದೇಳಿ. ನಿಮ್ಮ ದಂಡ ತೆಗೀರಿ."

ಚಪ್ಪಾಳೆ ಅಲ್ಲಿಗೇ ನಿಂತಿತು. ಸಿದ್ದರಾಜು ಎದ್ದ, ಆದರೆ ನನ್ನ ಮೈಮೇಲೆ ಬರುವಂತೆ ಎದ್ದ. "ಏನಮ್ಮ, ನಮ್ಮೂರಲ್ಲೇ ಇದ್ಕಂಡು ನಮ್ಗೇ ಆಟ ತೋರಿಸ್ತೀಯಾ?" ಎಂದ. ಯಾರೋ ನನ್ನ ಕೈಯಲ್ಲಿದ್ದ ಟಿಕೆಟ್ ಪುಸ್ತಕಕ್ಕೆ ಕೈ ಹಾಕಿ ಎಳೆದರು. ನಾನು ಎದೆಗೆ ಅವಚಿಕೊಂಡೆ. ಬಿಡದಿ ಹತ್ತಿರ ಇನ್ನಾರೋ ಚೈನ್ ಎಳೆದರು. ರೈಲು ನಿಂತಿತು. ಆ ಗದ್ದಲದಲ್ಲೇ ನಾನು ಜವರಯ್ಯನ ತೋಳು ಹಿಡಿದು ಖಾಲಿಯಾದ ಸೀಟಿನಲ್ಲಿ ಕೂರಿಸಿ, ಅವನ ಚಾಚಿದ ಕಾಲಿನ ಮುಂದೆ ಅಡ್ಡ ನಿಂತೆ. ರೈಲ್ವೆ ರಕ್ಷಣಾ ದಳದ ಇಬ್ಬರು ಪಕ್ಕದ ಬೋಗಿಯಿಂದ ಬರುವವರೆಗೂ ಕದಲಲಿಲ್ಲ. ಬೆಂಗಳೂರಿನಲ್ಲಿ ಸಿದ್ದರಾಜು ಮತ್ತು ಅವನ ಜೊತೆಯವರನ್ನು ಇಳಿಸಿ ದಂಡ ಕಟ್ಟಿಸಿದರು. ಕೆಂಪಮ್ಮ ಗಂಡನನ್ನು ಇಳಿಸಿಕೊಂಡು ನನ್ನತ್ತ ತಿರುಗಿಯೂ ನೋಡದೆ ಹೋದಳು.

ಸಂಜೆ ಮನೆಗೆ ಬರುವಷ್ಟರಲ್ಲಿ ಚನ್ನಪಟ್ಟಣದ ಮೊಬೈಲ್‌ಗಳಲ್ಲೆಲ್ಲ ನಾನೇ ಇದ್ದೆ. ಸೀಟಿನ ಮೇಲೆ ಎಸೆದ ನೋಟುಗಳನ್ನು ನಾನು ಆಯ್ದುಕೊಳ್ಳುವುದು, ಕೆಂಪಮ್ಮನ ಶಾಪ, ಊರುಗೋಲಿನ ಗಂಡಸು. ಅಷ್ಟು ಮಾತ್ರ. ಮುಂಚಿನದೂ ಇಲ್ಲ, ಆಮೇಲಿನದೂ ಇಲ್ಲ. ಫೋನ್ ನಂಬರ್ ಯಾರು ಹಂಚಿದರೋ, ಗುರುತಿಲ್ಲದ ಗಂಡಸರು ಕರೆ ಮಾಡಿ ಬಾಯಿಗೆ ಬಂದಂತೆ ಬೈದರು. ತರಕಾರಿಯವಳು "ಕುಂಟನ ಕಾಸು ನಮಗ್ಯಾಕೆ" ಎಂದು ನಾನು ಕೊಟ್ಟ ನೋಟನ್ನು ಹಿಂದಕ್ಕೆ ನೂಕಿದಳು. ಯಜಮಾನರು ಬೊಂಬೆಯ ಅಂಗಡಿಗಳವರ ಮಾತು ಕೇಳಿ ಸೋತು ಬಂದು, "ಸುಮಿತ್ರಾ, ಒಸಿ ದಿನ ರಜ ಹಾಕಿಬಿಡೆ" ಎಂದರು. "ರಜ ಹಾಕಿದರೆ ತಪ್ಪು ಒಪ್ಪಿಕೊಂಡಂತೆ" ಎಂದೆ. ಅವರು ಉಣ್ಣದೆ ಮಲಗಿದರು. ಮನೆಯೊಳಗೂ ಜಗಳ ಬಂದಿತ್ತು.

ಕಾಲು ಮುರಿದವನನ್ನು ನಿಲ್ಲಿಸಿ ಬೈದೆ, ಪ್ರಯಾಣಿಕರೊಂದಿಗೆ ದುರ್ವರ್ತನೆ ತೋರಿದೆ ಎಂದು ಸಿದ್ದರಾಜು ನನ್ನ ಮೇಲೆ ದೂರು ಕೊಟ್ಟ. ವಿಚಾರಣೆ ಮುಗಿಯುವವರೆಗೆ ನನ್ನನ್ನು ರೈಲಿನಿಂದ ತೆಗೆದು ಕಚೇರಿಯಲ್ಲಿ ಕೂರಿಸಿದರು. ತಪ್ಪು ಸಾಬೀತಾದರೆ ನಿವೃತ್ತಿಯ ಹೊಸ್ತಿಲಲ್ಲಿ ಶಿಕ್ಷೆ. ಇಷ್ಟು ವರ್ಷದ ಕೆಲಸಕ್ಕೆ ಅದೇ ಕೊನೆಯ ಗುರುತಾಗಿ ಉಳಿಯುತ್ತಿತ್ತು. ಅಂದು ಬೋಗಿಯಲ್ಲಿದ್ದ ಬೇರೆ ಪ್ರಯಾಣಿಕರು ಯಾರೂ ಸಾಕ್ಷಿಗೆ ಒಪ್ಪಲಿಲ್ಲ. ದಿನಾ ಅದೇ ರೈಲಿನಲ್ಲಿ ಓಡಾಡಬೇಕಲ್ಲ!

ವಿಚಾರಣೆಯ ದಿನ ಸಿದ್ದರಾಜು ಕಾರು ಮಾಡಿಕೊಂಡು ಸಾಕ್ಷಿಯನ್ನು ಕರೆತಂದ. ಕೆಂಪಮ್ಮ. ಕಾರಿಡಾರಿನಲ್ಲಿ ನನ್ನನ್ನು ಕಂಡೊಡನೆ ಆಕೆ ಮುಖ ಸಿಂಡರಿಸಿಕೊಂಡಳು. ಮುಗಿಯಿತು ಎಂದುಕೊಂಡೆ.

ವಿಚಾರಣಾಧಿಕಾರಿ ಸಾವಧಾನದ ಮನುಷ್ಯ. "ಅಂದು ಏನಾಯಿತು, ನಿಮ್ಮ ಮಾತಿನಲ್ಲೇ ಹೇಳಿ" ಎಂದರು.

"ಈವಮ್ಮ ನಂಗೆ ದಂಡ ಹಾಕಿದ್ಲು ಸ್ವಾಮಿ. ಹೋಗ್ದೇ ಇರೋ ಟಿಕೇಟಿಗೆ ದಂಡ ಹಾಕಿದ್ಲು. ನಂಗೆ ಈಗ್ಲೂ ಹೊಟ್ಟೆ ಉರೀತೈತೆ."

ಸಿದ್ದರಾಜು ತಲೆಯಾಡಿಸಿದ. "ನಿಮ್ಮ ಗಂಡನನ್ನು ನಿಲ್ಲಿಸಿದರಂತೆ, ಬೈದರಂತೆ?" ಎಂದು ಅಧಿಕಾರಿ ಕೇಳಿದರು.

"ಯಾರು?" ಎಂದಳು ಕೆಂಪಮ್ಮ. "ನಿಲ್ಸಿದ್ದು ಈ ಗಂಡಸ್ರು. ಕಾಲು ಮುರ್ದೋನು ಎದುರಿಗೇ ನಿಂತಿದ್ರೂ ಒಬ್ನೂ ಎದ್ದೇಳ್ನಿಲ್ಲ. ನಮ್ಮೆಜಮಾನ್ರನ್ನ ಕೂರ್ಸಿದ್ದು ಈವಮ್ಮನೇಯ. ನಾನು ಬೈದೆ, ಅವ್ಳು ತಿರುಗಿ ಒಂದು ಮಾತು ಅನ್ನಿಲ್ಲ."

ಸಿದ್ದರಾಜು ಎದ್ದು ನಿಂತ. "ಏನಮ್ಮ ನೀನು, ದಾರೀಲಿ ಹೇಳಿದ್ದೇ ಬೇರೆ..."

"ದಾರೀಲಿ ನೀನು ಹೇಳ್ತಿದ್ದೆ, ನಾನು ಕೇಳ್ತಿದ್ದೆ. ಸುಳ್ಳು ಹೇಳ್ತೀನಿ ಅಂತ ನಾನೆಲ್ಲಿ ಒಪ್ಕಂಡೆ? ನಮ್ಮ ದೇವ್ರು ಕಬ್ಬಾಳಮ್ಮನ ಬೆಟ್ಟದ ಬುಡದಲ್ಲಿ ಬಾಳೋಳು ನಾನು." ನಂತರ ಅಧಿಕಾರಿಯ ಕಡೆ ತಿರುಗಿ, "ನನ್ನ ದಂಡ ವಾಪಸ್ ಕೊಡಿಸಿ" ಎಂದಳು. ಅದು ನಿಯಮದಲ್ಲಿಲ್ಲ ಎಂದು ಅವರು ವಿವರಿಸಿದರು. "ಹಂಗಾರೆ ನನ್ನನ್ಯಾಕೆ ಇಲ್ಲೀಗಂಟ ಎಳ್ಕಂಡ್ ಬಂದ್ರಿ?" ಎಂದು ಎಲ್ಲರನ್ನೂ ಒಟ್ಟಿಗೆ ಬೈದು ಎದ್ದುಬಿಟ್ಟಳು.

ನಾನು ಹಿಂದೆಯೇ ಹೋದೆ. ಸಿದ್ದರಾಜು ಆಗಲೇ ಕಾರು ಹತ್ತಿ ಹೊರಟುಹೋಗಿದ್ದ. ಸಾಕ್ಷಿಯನ್ನು ಊರಿಗೆ ಮುಟ್ಟಿಸುವ ಜವಾಬ್ದಾರಿ ಅವನಿಗೆ ಮುಗಿದಿತ್ತು. "ಕೆಂಪಮ್ಮ, ತುಂಬಾ ಉಪಕಾರ ಆಯಿತು. ಕಾಫಿ ಕುಡಿದು ಹೋಗಿ, ಬಸ್ ಹತ್ತಿಸುತ್ತೇನೆ" ಎಂದೆ.

"ನಿನ್ ಕಾಫಿ ನಂಗೆ ಬ್ಯಾಡ. ನಿನಗೋಸ್ಕರ ಹೇಳ್ನಿಲ್ಲ ನಾನು. ಕಂಡಿದ್ದ ಹೇಳ್ದೆ, ಅಷ್ಟೇಯ" ಎಂದಳು. ತನ್ನೂರಿನ ಕಡೆಗೆ ಹೋಗುವ ಕನಕಪುರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ನನ್ನನ್ನು ಕೇಳಲಿಲ್ಲ. ಗೇಟಿನ ಕಾವಲುಗಾರನನ್ನು ಕೇಳಿಕೊಂಡು ನಡೆದಳು.

ದೂರು ವಜಾ ಆಯಿತು. ಅದೇ ರೈಲಿಗೆ ಮರಳಿದೆ. ಸಿದ್ದರಾಜುವಿನ ಗುಂಪು ರಿಸರ್ವ್ಡ್ ಬೋಗಿ ಬಿಟ್ಟು ಜನರಲ್ ಬೋಗಿಯ ಬಾಗಿಲಲ್ಲಿ ನಿಂತು ಹೋಗತೊಡಗಿತು. ನಾನು ಪ್ಲಾಟ್‌ಫಾರಂನಲ್ಲಿ ಹಾದು ಹೋದರೆ ಮುಖ ತಿರುಗಿಸುತ್ತಿದ್ದರು. ನಿವೃತ್ತಿಯ ದಿನದವರೆಗೂ ಅವರಲ್ಲಿ ಒಬ್ಬರೂ ನನ್ನೊಡನೆ ಮಾತಾಡಲಿಲ್ಲ. ಬೋಗಿ ಹೆಚ್ಚಿಸಬೇಕೆಂಬ ಅವರ ಮನವಿಯ ಬಗ್ಗೆ ನಾನೂ ಮೇಲಿನವರಿಗೆ ಬರೆದೆ. ಆ ವಿಷಯ ಅವರಿಗೆ ತಿಳಿಸಲು ಹೋಗಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಿಯಮವನ್ನು ಸರಿಯಾಗಿ ವಿವರಿಸಿದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ, ಅರ್ಥ ಮಾಡಿಕೊಂಡವರು ಕ್ಷಮಿಸುತ್ತಾರೆ ಎಂದು ನಂಬಿದ್ದೆ. ಎಷ್ಟೋ ಸಲ ಹಾಗಾಗುವುದಿಲ್ಲ. ಕೆಂಪಮ್ಮ ನನ್ನನ್ನು ಕ್ಷಮಿಸಲಿಲ್ಲ. ಆಕೆಯ ದೃಷ್ಟಿಯಲ್ಲಿ ನಾನು ಇಂದಿಗೂ ಅನ್ಯಾಯ ಮಾಡಿದವಳೇ. ಆದರೂ ನನ್ನ ವಿರುದ್ಧ ಒಂದು ಸುಳ್ಳು ಹೇಳುವ ಅವಕಾಶ ಸಿಕ್ಕಾಗ ಆಕೆ ಅದನ್ನು ಬಳಸಿಕೊಳ್ಳಲಿಲ್ಲ. ನಮ್ಮ ಮೇಲೆ ಸಿಟ್ಟಿರುವವರೆಲ್ಲ ನಮಗೆ ಕೇಡು ಬಗೆಯುವವರಲ್ಲ ಎಂಬುದನ್ನು ನಾನು ಕಲಿತದ್ದು ಆ ಹೆಂಗಸಿನಿಂದ.