ಅತ್ತೆಯ ಕೈಗೆ ಬಂದ ಗಾಳ

ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಎಲ್ಲರಿಗೂ ಅವನು ಚಕ್ರಗಾಲ. ಚಿಕ್ಕಂದಿನಲ್ಲಿ ಅವನ ತಾಯಿ, "ಇವನ ಕಾಲಿಗೆ ಯಾರೋ ಚಕ್ರ ಕಟ್ಟಿ ಕಳಿಸಿದ್ದಾರೆ" ಎಂದು ಗೊಣಗುತ್ತಿದ್ದಳಂತೆ. ಆ ಮಾತು ಮನೆ ದಾಟಿ, ಶಾಲೆ ದಾಟಿ, ಕೊನೆಗೆ ಕಂಪನಿಯ ಸಮವಸ್ತ್ರಕ್ಕೂ ಅಂಟಿಕೊಂಡಿತ್ತು. ಊಟಕ್ಕೆ ಕೂತರೆ ಅರ್ಧ ತಟ್ಟೆಗೆ ಎದ್ದು ಕಿಟಕಿಯ ಹತ್ತಿರ ಹೋಗುತ್ತಿದ್ದ. ಸಿನಿಮಾಕ್ಕೆ ಹೋದರೆ ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು. ದಿನವಿಡೀ ಏರಿ ಇಳಿಯುವ ಕೆಲಸ ಅವನಿಗೆ ಹೇಳಿ ಮಾಡಿಸಿದಂತಿತ್ತು.

ಇಂಥವನಿಗೆ ಮೀನು ಹಿಡಿಯುವ ಹುಚ್ಚು ಹತ್ತಿದ್ದು ಹೇಗೆ ಅಂತ ಜನ ಕೇಳುತ್ತಿದ್ದರು. ಮೊದಲ ಸಲ ಕಂಪನಿಯ ಗೆಳೆಯರ ಜೊತೆ ಹೋದಾಗ ಅವನಿಗೂ ಎರೆಹುಳ ಸಿಕ್ಕಿಸಿದ ಗಾಳ ಕೊಟ್ಟು, ನೀರ ಮೇಲೆ ಬೆಂಡು ತೇಲಿಬಿಟ್ಟು, "ಅದು ಮುಳುಗೋವರೆಗೆ ಸುಮ್ನೆ ಕೂತಿರು" ಅಂದಿದ್ದರು. ಸುಮ್ಮನೆ ಕೂರುವುದೇ? ಗಳಿಗೆಗೊಮ್ಮೆ ದಾರ ಎಳೆದು ನೋಡಿ ನೋಡಿ, ಎರೆಹುಳಕ್ಕೂ ಸುಸ್ತಾಗಿ, ಗೆಳೆಯರು ಅವನನ್ನು ಚಹಾ ತರಲು ಓಡಿಸಿದರು. ಚಹಾ ಹಿಡಿದು ವಾಪಸ್ ಬರುವ ದಾರಿಯಲ್ಲಿ ಒಬ್ಬ ಮುದುಕ ದಡದುದ್ದಕ್ಕೂ ನಡೆಯುತ್ತ, ತವರದ ಹುಸಿಮೀನೊಂದನ್ನು ದೂರಕ್ಕೆ ಎಸೆದು, ರೀಲು ಸುತ್ತಿ ಎಳೆದುಕೊಂಡು, ಮತ್ತೆ ಎಸೆಯುತ್ತಿದ್ದ. ಹುಳವೂ ಇಲ್ಲ, ಬೆಂಡೂ ಇಲ್ಲ, ಕೂರುವ ಮಾತೇ ಇಲ್ಲ! ಚಹಾ ಆರಿಹೋಯಿತು. ಚಕ್ರಗಾಲನಿಗೆ ತನ್ನ ಕುಲದವರು ಸಿಕ್ಕಿದಂತಾಯಿತು.

ಅಲ್ಲಿಂದ ಪ್ರತಿ ಭಾನುವಾರ ಒಂದೊಂದು ನೀರು. ಸೇತುವೆಯ ಕಂಬದ ಹಿಂದೆ ಹರಿವು ಸುತ್ತು ಹಾಕುವ ಕಡೆ ಮೀನು ದಣಿವಾರಿಸಿಕೊಳ್ಳುತ್ತದೆ. ಅದು ಹರಿವಿಗೆ ಮುಖ ಮಾಡಿ ನಿಂತಿರುವುದರಿಂದ ಹುಸಿಮೀನು ಮೇಲುಗಡೆಯಿಂದ ತೇಲಿ ಬರುವಂತೆ ಎಸೆಯಬೇಕು. ಕೆರೆಯಾದರೆ ಹಳ್ಳ ಬಂದು ಸೇರುವ ಬಾಯಿ ನೋಡಬೇಕು, ಇಲ್ಲವೇ ಗಾಳಿ ಬಡಿಯುವ ದಡ. ಗಾಳಿ ತಳ್ಳಿದ ಹುಳುಹುಪ್ಪಟೆಯ ಹಿಂದೆ ಮರಿಮೀನು, ಮರಿಮೀನಿನ ಹಿಂದೆ ಅದರ ಯಮ. ನೀರು ಕದಡಿದ್ದರೆ ಕಪ್ಪು ಬಣ್ಣದ ಹುಸಿಮೀನು, ತಿಳಿಯಾಗಿದ್ದರೆ ಮಂಕಾದದ್ದು. ಇದನ್ನೆಲ್ಲ ಅವನು ಕಂಡಕಂಡವರಿಗೆ ಹೇಳುತ್ತಿದ್ದ. ಒಮ್ಮೆ ಕೆಟ್ಟು ನಿಂತ ಲಿಫ್ಟಿನೊಳಗೆ ಸಿಕ್ಕಿಬಿದ್ದ ಹೆಂಗಸು ಅಳತೊಡಗಿದಾಗ, ಬಾಗಿಲ ಸಂದಿಗೆ ಬಾಯಿಟ್ಟು ಕೆರೆಯ ಕಥೆ ಶುರುಮಾಡಿದ. ಆಕೆ ಅಳು ನಿಲ್ಲಿಸಿ, "ಅಪ್ಪಾ, ಮೊದಲು ಬಾಗಿಲು ತೆಗಿ, ಆಮೇಲೆ ಮೀನು" ಅಂದಳಂತೆ.

ಇಷ್ಟು ಗೊತ್ತಿದ್ದರೂ ಬುಟ್ಟಿ ತುಂಬುತ್ತಿರಲಿಲ್ಲ. ಇಲ್ಲಿ ನಾಲ್ಕು ಸಲ ಎಸೆಯುವಷ್ಟರಲ್ಲಿ ಆಚೆ ದಡದಲ್ಲೇ ಮೀನಿದೆ ಅನ್ನಿಸುತ್ತಿತ್ತು. ಅಲ್ಲಿಗೆ ಹೋದರೆ ಈಚೆ ದಡ. ಹಳೆಯ ಇಟ್ಟಿಗೆ ಗೂಡಿನ ಹಿಂದಿನ ಕೆರೆಯಲ್ಲಂತೂ ಒಂದು ಕೊರವ ಮೀನು ಅವನ ನಿದ್ದೆ ಕೆಡಿಸಿತ್ತು. ಹಾವಿನ ತಲೆ, ತೊಡೆ ಗಾತ್ರದ ಮೈ, ನೀರ ಮೇಲಿನ ಎಲೆಗಳ ಅಡಿಯಲ್ಲಿ ಹೊಂಚಿ ಕೂತು ಕಪ್ಪೆ ನುಂಗುವ ಮೀನು ಅದು. ಅದಕ್ಕೆ ರಬ್ಬರಿನ ಕಪ್ಪೆಯನ್ನು ಎಲೆಗಳ ಮೇಲೆ ಕುಣಿಸಬೇಕು. ನೀರು ಸಿಡಿದು ಕಪ್ಪೆ ಮಾಯವಾದ ಮೇಲೂ ಒಂದು ಉಸಿರು ಕಾದು, ಆಮೇಲೆ ಎಳೆಯಬೇಕು. ಆ ಒಂದು ಉಸಿರು ಅವನಲ್ಲಿರಲಿಲ್ಲ. ನೀರು ಸಿಡಿಯುತ್ತಲೇ ಕೈ ತಾನಾಗಿ ಎಳೆದುಬಿಡುತ್ತಿತ್ತು. ಕಪ್ಪೆ ಹಾರಿಬಂದು ಅವನ ಎದೆಗೇ ಬಡಿಯುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ.

ಆ ವರ್ಷ ಕೆರೆಯ ನೀರು ಇಳಿಯತೊಡಗಿದ ಹೊತ್ತಿಗೆ, ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯುತ್ತ ಅವನು ಏಣಿಯಿಂದ ಜಾರಿದ. ಮೊಣಕಾಲ ಕೆಳಗೆ ಮೂಳೆ ಮುರಿಯಿತು. ತೊಡೆಯವರೆಗೆ ಪ್ಲಾಸ್ಟರ್ ಹಾಕಿದ ಡಾಕ್ಟರು, "ಕಾಲು ನೆಲಕ್ಕೆ ಊರಿದ್ರೆ ನನ್ನ ಹತ್ರ ಮತ್ತೆ ಬರ್ಬೇಡಿ" ಅಂದರು. ಊರಿನವರಿಗೆಲ್ಲ ಲಿಫ್ಟ್ ಸರಿಮಾಡುವವನ ಮನೆ ಲಿಫ್ಟಿಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ನಾಲ್ಕು ಜನ ಕುರ್ಚಿಯ ಸಮೇತ ಹೊತ್ತು ತಂದು ಇಳಿಸಿದರು.

ಹೆಂಡತಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ; ರಜೆ ಸಿಗಲಿಲ್ಲ. ಪಕ್ಕದ ಊರಿನಿಂದ ಅವಳ ತಾಯಿಯನ್ನು ಕರೆಸಿಕೊಂಡಳು. ಅತ್ತೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಹೊಲಿಗೆ ಮಿಷನ್ ತುಳಿದು ನಿವೃತ್ತಿಯಾದವರು. ಅಳಿಯನಿಗೂ ಅವರಿಗೂ ಮದುವೆಯಾದಾಗಿನಿಂದ ಇದ್ದ ಮಾತುಕತೆ ಎರಡೇ: "ಚೆನ್ನಾಗಿದ್ದೀರಾ ಅತ್ತೆ?" "ಊಟ ಆಯ್ತಾ ಅಳಿಯಂದ್ರೇ?" ಈಗ ಇಬ್ಬರೂ ಇಡೀ ದಿನ ಒಂದೇ ಕೋಣೆಯಲ್ಲಿ.

ಮೊದಲ ವಾರ ಅವನು ಬಾಲ ಸುಟ್ಟ ಬೆಕ್ಕಿನಂತಾಗಿದ್ದ. ಕಿಟಕಿಯಾಚೆ ಎರಡು ಕಟ್ಟಡಗಳ ನಡುವೆ ಕೊರವನ ಆ ಕೆರೆ ಬೆರಳಗಲ ಕಾಣುತ್ತಿತ್ತು. ಬೆಳಗ್ಗೆ ಅದು ಬೂದಿ, ಮಧ್ಯಾಹ್ನ ಕನ್ನಡಿ, ಸಂಜೆ ತಾಮ್ರ. ನೋಡಿ ನೋಡಿ ತಡೆಯಲಾರದೆ, ಬಾಲ್ಕನಿಯ ಕುರ್ಚಿಯಲ್ಲಿ ಕೂತು ಗಾಳದ ರಾಡು ಹಿಡಿದು ರಸ್ತೆಯ ಕಡೆ ಎಸೆಯುವ ಅಭ್ಯಾಸ ಶುರುಮಾಡಿದ. ಮೂರನೇ ಎಸೆತಕ್ಕೆ ಕೆಳಗಿನ ಮನೆಯವರು ಒಣಹಾಕಿದ್ದ ಲಂಗ ಸಿಕ್ಕಿಕೊಂಡು ಮೇಲೇರಿ ಬಂತು.

ಅತ್ತೆ ಒಳಗಿನಿಂದ ಬಂದು ನೋಡಿದರು. ನಗಬಾರದೆಂದು ತುಟಿ ಕಚ್ಚಿದರು. "ಒಳ್ಳೆ ಹೊಲಿಗೆ ಅಳಿಯಂದ್ರೇ. ಹರೀದೆ ಬಿಡಿಸ್ಕೊಡಿ, ನಾನೇ ವಾಪಸ್ ಕೊಟ್ಟು ಬರ್ತೀನಿ."

ಅವತ್ತೇ ಅವನು ಇನ್ನೊಂದನ್ನು ಗಮನಿಸಿದ್ದು. ಕೂತಿರುವಾಗ ಅತ್ತೆಯ ಬಲಗಾಲು ಮೆಲ್ಲಗೆ ಮೇಲೆ ಕೆಳಗೆ ಆಡುತ್ತಲೇ ಇತ್ತು. ಮಿಷನ್ ಇಲ್ಲ, ತುಳಿತ ಮಾತ್ರ ಉಳಿದಿತ್ತು. ಬೇಳೆ ಆರಿಸಿ ಮುಗಿದರೆ ಮತ್ತೆ ಆರಿಸುತ್ತಿದ್ದರು. ಒರೆಸಿದ ಮೇಜು ಮತ್ತೆ ಒರೆಸುತ್ತಿದ್ದರು.

"ನಿಮಗೂ ಕೂತು ಅಭ್ಯಾಸ ಇಲ್ಲ ಅನ್ಸತ್ತೆ" ಅಂದ.

"ಕೂತೇ ದುಡಿದವಳು ನಾನು. ಆದ್ರೆ ಸುಮ್ನೆ ಕೂತೋಳಲ್ಲ" ಅಂದರು ಅತ್ತೆ. "ಕೆಲಸ ಬಿಟ್ಟ ಮೇಲೆ ಮೈಮೇಲೆ ಇರುವೆ ಬಿಟ್ಟ ಹಾಗಾಗತ್ತೆ. ಮಗಳಿಗೆ ಹೇಳ್ಬೇಡಿ, ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಾಳೆ."

ಮರುದಿನ ಅವನು ಹರಿದುಹೋದ ರಬ್ಬರ್ ಕಪ್ಪೆಗಳ ಡಬ್ಬಿಯನ್ನು ಅವರ ಮುಂದಿಟ್ಟ. ಅತ್ತೆ ಕಪ್ಪೆಯ ಕಾಲುಗಳ ಜಾಗಕ್ಕೆ ಹಳೆ ಬಟ್ಟೆಯ ಸೊಂಟದ ಎಲಾಸ್ಟಿಕ್ ಬಿಡಿಸಿ ಕುಚ್ಚು ಕಟ್ಟಿದರು; ಬಕೆಟ್ಟಿನ ನೀರಲ್ಲಿ ಅದು ಅಂಗಡಿಯದಕ್ಕಿಂತ ಚೆನ್ನಾಗಿ ಕುಣಿಯಿತು. ಆಮೇಲೆ, "ಇದನ್ನ ಎಸೆಯೋದು ಹೇಗೆ?" ಅಂದರು. ಮೆಟ್ಟಿಲ ಪಕ್ಕದ ಉದ್ದನೆಯ ಕಾರಿಡಾರಿನ ತುದಿಯಲ್ಲಿ ಬಕೆಟ್ ಇಟ್ಟು, ಅವನು ಬಾಗಿಲಲ್ಲಿ ಕಾಲು ಚಾಚಿ ಕೂತು ಪಾಠ ಹೇಳಿದ. ನಾಲ್ಕನೇ ದಿನಕ್ಕೆ ಕಪ್ಪೆ ನೇರ ಬಕೆಟ್ಟಿಗೇ ಬೀಳುತ್ತಿತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಕೇಳಿದರು: "ಕೆರೆಗೆ ನಾನೇ ಒಂದ್ಸಲ ಹೋಗಿ ಬರ್ಲಾ?"

ಹೀಗೆ ಶುರುವಾಯಿತು. ಮಗಳು ಲ್ಯಾಬಿಗೆ ಹೊರಟ ಮೇಲೆ ಅತ್ತೆ ಕೆರೆಗೆ; ಅಳಿಯ ಹಾಸಿಗೆಯಲ್ಲಿ ಫೋನ್ ಹಿಡಿದು ಹಿಂಸೆಗೆ.

"ಎಲ್ಲಿದ್ದೀರಾ? ಎಲೆ ಎಲ್ಲಿ ಮುಗಿಯತ್ತೆ ನೋಡಿ, ಆ ಅಂಚಿಗೆ ಎಸೀರಿ. ಬಿತ್ತಾ? ಈಗ ಕುಣಿಸಿ. ಈಗ ನಿಲ್ಲಿಸಿ. ಏನಾಯ್ತು? ಜಾಗ ಬದಲಾಯಿಸಿ ಅತ್ತೆ, ಆಚೆ ದಡಕ್ಕೆ ಹೋಗಿ!"

"ಈಗ್ತಾನೆ ಬಂದು ನಿಂತಿದ್ದೀನಲ್ಲ!"

"ಅಲ್ಲಿಲ್ಲ ಅದು. ನನಗ್ಗೊತ್ತು."

"ಅದೂ ನಿಮ್ಮ ಹಾಗೇ ಕಾಲು ಮುರ್ಕೊಂಡು ಕೂತಿರ್ಬಹುದು. ಸ್ವಲ್ಪ ನೋಡೋಣ ಇರಿ."

ಇತ್ತ ಇವನು ಫೋನನ್ನೇ ರಾಡಿನಂತೆ ಎಳೆಯುತ್ತಿದ್ದ. ಸಂಜೆ ಹೆಂಡತಿ ಬಂದಾಗ ಇಬ್ಬರೂ ಸಭ್ಯರಾಗಿ ಕೂತಿರುತ್ತಿದ್ದರು. ಅಮ್ಮನ ಕಾಲಿಗೆ ಕೆಸರು ಹೇಗೆ ಬಂತು ಅಂತ ಅವಳು ಕೇಳಿದಳು. "ನಲ್ಲಿ ಹತ್ರ" ಅಂದರು ಅತ್ತೆ. ಮೂಸಿ ನೋಡಿ, ಅವಳು ಗಂಡನ ಕಡೆ ತಿರುಗಿದಳು. ಆ ರಾತ್ರಿ ಗುಟ್ಟು ರಟ್ಟಾಯಿತು, ಬೈಗುಳವೂ ಆಯಿತು. ಆದರೆ ಅಮ್ಮ ಎರಡು ರೊಟ್ಟಿ ಹೆಚ್ಚು ತಿಂದದ್ದನ್ನು ನೋಡಿ ಅವಳು ಒಂದೇ ಷರತ್ತು ಹಾಕಿದಳು: "ನೀರಿಗೆ ಇಳೀಬಾರ್ದು. ನಿಂಗೆ ಈಜು ಬರಲ್ಲ."

ಒಂದು ಗುರುವಾರ ಬೆಳಗ್ಗೆ ಅತ್ತೆ ಹೋದವರು ಫೋನ್ ಎತ್ತಲಿಲ್ಲ. ಸಿಟ್ಟು ಬಂದಿರಬೇಕು ಅಂದುಕೊಂಡ. ಮತ್ತೆ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ. ಮೋಡ ಕವಿದು ಬೆರಳಗಲದ ಕೆರೆ ಸೀಸದ ಬಣ್ಣವಾಯಿತು. ನೀರು ಇಳಿದ ಕಡೆ ದಡ ಹೂಳಾಗಿರುತ್ತದೆ. ಹೆಜ್ಜೆ ಇಟ್ಟರೆ ಸೊಂಟದವರೆಗೆ ನುಂಗುತ್ತದೆ. ಇದನ್ನು ತಾನು ಹೇಳಿದ್ದೆನೇ? ಎಲೆ, ಅಂಚು, ಬಣ್ಣ, ಗಾಳಿ ಎಲ್ಲ ಹೇಳಿದ್ದ. ಹೂಳಿನ ಮಾತು ಹೇಳಿದ ನೆನಪೇ ಇರಲಿಲ್ಲ.

ಇಷ್ಟು ದಿನ ಅವನ ಚಡಪಡಿಕೆಗೆ ದಿಕ್ಕಿರಲಿಲ್ಲ. ಈಗ ಒಂದೇ ದಿಕ್ಕಿತ್ತು. ಊರುಗೋಲು ಕಂಕುಳಲ್ಲಿಟ್ಟುಕೊಂಡು ಹೊರಟವನು, ಮೆಟ್ಟಿಲ ಬಳಿ ಧೈರ್ಯ ಸಾಲದೆ ಕೂತ. ಕೂತಂತೆಯೇ, ಪ್ಲಾಸ್ಟರ್ ಕಾಲನ್ನು ಮುಂದೆ ಚಾಚಿ, ಮೆಟ್ಟಿಲು ಮೆಟ್ಟಿಲು ಕುಂಡೆ ಊರಿ ಜಾರುತ್ತ ಕೆಳಗಿಳಿದ. ಕೆಳಗಿನ ಮನೆಯ ಲಂಗದ ಒಡತಿ ಬಾಗಿಲು ತೆರೆದಳು. ಅವಳ ಗಂಡ ತರಕಾರಿ ವ್ಯಾನಿನವನು. ಇವನು "ಅತ್ತೆ... ಕೆರೆ" ಅನ್ನುವಷ್ಟರಲ್ಲಿ ಅವನು ಕೀಲಿಕೈ ತೆಗೆದುಕೊಂಡ.

ಕೆರೆಯ ದಡದಲ್ಲಿ ಅತ್ತೆಯ ಚಪ್ಪಲಿ ಜೋಡಿಯಾಗಿ ಬಿಟ್ಟಿತ್ತು. ಪಕ್ಕದಲ್ಲಿ ಚೀಲ, ಚೀಲದೊಳಗೆ ಫೋನು ಇವನ ಕರೆಗೆ ಹೊಳೆಯುತ್ತಿತ್ತು. ಅತ್ತೆ ಇರಲಿಲ್ಲ.

ಚಕ್ರಗಾಲ "ಅತ್ತೇ!" ಎಂದು ಕೂಗಿದ. ಇನ್ನೊಮ್ಮೆ ಕೂಗುವಾಗ ದನಿ "ಅಮ್ಮಾ" ಅಂತ ಹೊರಟಿತು. ಆಗ ಜೊಂಡಿನ ಆಚೆಯಿಂದ ಒಂದು ಕೈ ಮೇಲೆದ್ದು, ಸುಮ್ಮನಿರಿ ಎಂದು ಸನ್ನೆ ಮಾಡಿತು.

ಸುತ್ತುಬಳಸಿ ಹೋಗಿ ನೋಡಿದರೆ, ಅತ್ತೆ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಲ್ಲಿ, ಮುಳುಗಿದ್ದ ಕಲ್ಲಿನ ಮೇಲೆ ಗಟ್ಟಿಯಾಗಿ ನಿಂತಿದ್ದರು. ಕಣ್ಣು ಎಲೆಗಳ ಮೇಲೆ. ಅಷ್ಟು ಹೊತ್ತೂ ಅಲ್ಲೇ ನಿಂತಿದ್ದರಂತೆ.

"ಅಲ್ಲಿ ಉಸಿರಾಡ್ತಾ ಇದೆ" ಅಂತ ಪಿಸುಗುಟ್ಟಿದರು. "ಆಗಾಗ ಮೇಲೆ ಬಂದು ಗುಳುಕ್ ಅನ್ನತ್ತೆ. ನೀವು ಮಾತಾಡ್ಬೇಡಿ."

ಅತ್ತೆ ಎಸೆದರು. ಕಪ್ಪೆ ಎಲೆಯ ಮೇಲೆ ಬಿದ್ದು, ಕುಚ್ಚು ನಡುಗಿಸಿ, ತೆವಳಿ, ಸಂದಿಯ ನೀರಿಗೆ ಇಳಿಯಿತು. ನೀರು ಬಾಂಬಿನಂತೆ ಸಿಡಿಯಿತು.

"ಎಳೀರಿ! ಎಳೀರಿ ಅತ್ತೆ!"

ಅತ್ತೆ ಎಳೆಯಲಿಲ್ಲ. ದಾರ ಸರಿಯುವುದನ್ನು ನೋಡುತ್ತ ನಿಂತರು. ಚಕ್ರಗಾಲನಿಗೆ ಆ ಒಂದು ಉಸಿರು ಒಂದು ಯುಗವಾಯಿತು. ಆಮೇಲೆ ಅವರು ಎರಡೂ ಕೈಯಿಂದ ರಾಡನ್ನು ಮೇಲಕ್ಕೆ ಎತ್ತಿದರು, ಅದು ಬಿಲ್ಲಾಯಿತು.

ಮುಂದಿನದು ರಂಪ. ಮೀನು ಜೊಂಡಿಗೆ ನುಗ್ಗಿತು; ಅತ್ತೆ ಕಲ್ಲಿಂದ ಜಾರಿ ಸೊಂಟದವರೆಗೆ ಇಳಿದರು; ಅಳಿಯ ಊರುಗೋಲು ಎಸೆದು ಕೆಸರಲ್ಲಿ ಕೂತು ಅವರ ಸೆರಗನ್ನು ಹಿಡಿದ; ವ್ಯಾನಿನವನು ಅಳಿಯನ ಅಂಗಿಯನ್ನು ಹಿಡಿದ. ಹೀಗೆ ಸಾಲಾಗಿ ಎಳೆದು ದಡಕ್ಕೆ ಬಂದದ್ದು ಮೂರು ಜನ ಮತ್ತು ಒಂದು ಕೊರವ. ವ್ಯಾನಿನವನ ಹೆಂಡತಿಯಿಂದ ಸುದ್ದಿ ತಿಳಿದು ಆಟೋದಲ್ಲಿ ಓಡಿಬಂದ ಮಗಳು, ಬಿಳಿ ಕೋಟನ್ನೂ ಬಿಚ್ಚದೆ, ಕೆಸರಿನ ಮೂರು ಮೂರ್ತಿಗಳನ್ನು ನೋಡುತ್ತ ನಿಂತಳು.

"ನಿಮ್ಮಲ್ಲಿ ಯಾರನ್ನ ಮೊದ್ಲು ಬೈಲಿ?" ಅಂದವಳು, ಬೈಯಲಾಗದೆ ಅಮ್ಮನನ್ನು ಅಪ್ಪಿಕೊಂಡು ಅತ್ತುಬಿಟ್ಟಳು.

ವ್ಯಾನಿನ ಹಿಂದೆ, ಎಲೆಕೋಸಿನ ಮೂಟೆಗೆ ಒರಗಿ ಬರುವಾಗ ಅಳಿಯ ಕೇಳಿದ: "ಅಷ್ಟು ಹೊತ್ತು ಎಳೀದೆ ಹೇಗಿದ್ರಿ?"

"ಸೂಜಿಗೆ ದಾರ ಪೋಣಿಸೋವಾಗ ಮೊದ್ಲೇ ಎಳೀತೀವಾ? ತುದಿ ಆ ಕಡೆ ಬಂದ ಮೇಲೆ ತಾನೆ" ಅಂದರು ಅತ್ತೆ. ಆಮೇಲೆ ದನಿ ತಗ್ಗಿಸಿ, "ಆಗ ನನ್ನ ಅಮ್ಮಾ ಅಂದ್ರಲ್ಲ" ಅಂದರು. ಅವನು ಎಲೆಕೋಸಿನ ಎಲೆ ಕೀಳತೊಡಗಿದ.

ಮೀನನ್ನು ಎರಡು ಮನೆಯವರೂ ಸೇರಿ ಹುರಿದು ತಿಂದರು. ನೆಂದು ಮೆತ್ತಗಾದ ಪ್ಲಾಸ್ಟರ್ ನೋಡಿ ಡಾಕ್ಟರು ಕೂಗಾಡಿದರು. ಮೂಳೆ ಸರಿದಿತ್ತು, ಮತ್ತೆ ಕೂರಿಸಿದರು. ಕಾಲು ಕೊನೆಗೂ ಕೂಡಿತು, ಆದರೆ ಒಂದಿಷ್ಟು ಕುಂಟು ಉಳಿಯಿತು. ಗುಂಡಿಗೆ ಇಳಿಯುವ ಕೆಲಸ ಬೇಡವೆಂದು ಕಂಪನಿ ಅವನನ್ನು ದೂರು ಕೇಳುವ ಮೇಜಿಗೆ ಹಾಕಿತು. ಮೇಜಿಗೆ ಕುರ್ಚಿಯಿದೆ, ಅವನು ನಿಂತೇ ಮಾತಾಡುತ್ತಾನೆ, ಕಾರಿಡಾರಿನ ಉದ್ದಕ್ಕೂ ಓಡಾಡುತ್ತ.

ಅತ್ತೆ ತಮ್ಮ ಊರಿಗೆ ಹಿಂತಿರುಗಿದರು. ಅಲ್ಲಿ ಹೊಳೆಯಿದೆ. ತಿಂಗಳಿಗೊಂದು ಭಾನುವಾರ ಅಳಿಯ ಬಸ್ಸಿಳಿದು ನೇರ ಹೊಳೆಗೇ ಹೋಗುತ್ತಾನೆ. ಮೊನ್ನೆಯೂ ಅತ್ತೆ ಹಳೇ ಸೇತುವೆಯ ಮೂರನೇ ಕಂಬದ ಎದುರು ಬೆಳಗಿನಿಂದ ನಿಂತಿದ್ದರು. ಇವನು ಮೇಲುಗಡೆ ಹೋಗಿ ಎಸೆದು ಬಂದ, ಕೆಳಗಡೆ ಹೋಗಿ ಎಸೆದು ಬಂದ.

"ಏನಾದ್ರೂ ಬಂತಾ?"

"ಬಂದ್ರೆ ಕೂಗ್ತೀನಿ. ನೀವು ಹೋಗಿ, ತಿರುಗಾಡಿ."

ಅವನು ಕುಂಟುತ್ತ ಮತ್ತೆ ಹೊರಟ. ಆಚೆ ದಡದ ಬಂಡೆಯ ಬುಡದಲ್ಲಿ ನೀರು ಈಗಷ್ಟೇ ಕಲಕಿದಂತೆ ಅವನಿಗೆ ಕಂಡಿತ್ತು.