ಬಿಸಿಲಲ್ಲಿ ಕೇಳಿದ ಚಿತ್ರ

1986ರ ಮೇ ತಿಂಗಳಲ್ಲಿ ಖಾನಾಪುರದ ಸಂತೆಯಲ್ಲಿ ನೀರೆತ್ತುವ ಪಂಪಿನ ಜಾಹೀರಾತು ವಿಡಿಯೋ ಒಂದನ್ನು ನಡುಮಧ್ಯಾಹ್ನ ಬಯಲಲ್ಲಿ ತೋರಿಸಲಾಯಿತು. ಬಿಸಿಲಿಗೆ ಟಿ.ವಿ. ಪರದೆ ಬೆಳ್ಳಗಾಗಿ ಯಾರಿಗೂ ಏನೂ ಕಾಣಲಿಲ್ಲ. ವಿಡಿಯೋ ಮಾಡಿದವರು ಪಕ್ಕದಲ್ಲಿ ಎಡಗಣ್ಣು ಮುಚ್ಚಿಕೊಂಡು ನಿಂತಿದ್ದರು.

ಅವರ ಎಡಗಣ್ಣಿಗೆ ಏನೂ ಆಗಿರಲಿಲ್ಲ. ವರ್ಷಗಟ್ಟಲೆ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ನೋಡಿದ್ದರಿಂದ, ಯಾವುದನ್ನಾದರೂ ಗಮನವಿಟ್ಟು ನೋಡುವಾಗ ಎಡಗಣ್ಣು ತಾನಾಗಿಯೇ ಮುಚ್ಚುತ್ತಿತ್ತು. ಬದನೆಕಾಯಿ ಆರಿಸುವಾಗಲೂ ಹಾಗೇ. ಕಾಯಿಪಲ್ಲೆ ಮಾರಲು ಹೊಸದಾಗಿ ಬಂದವರು, ಇಳಕಲ್ ಸೀರೆಯುಟ್ಟ ಇಷ್ಟು ದೊಡ್ಡ ಹೆಂಗಸು ತಮಗೆ ಕಣ್ಣು ಹೊಡೆದರೆಂದು ಗಾಬರಿಗೊಳ್ಳುತ್ತಿದ್ದರು.

ನಮ್ಮ ಬಡಾವಣೆ ಹಿಂದವಾಡಿಯ ಮಂದಿಗೆಲ್ಲ ಅವರು ಸ್ಟುಡಿಯೋ ಕಾಕು, ಅಂದರೆ ಚಿಕ್ಕಮ್ಮ. ನಾನು ಪತ್ರಿಕೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಸ್ಟುಡಿಯೋ ಹಾಕಿದವರು ಅವರ ಗಂಡ. ನಾನು ಕಾಕಾ ಎನ್ನುತ್ತಿದ್ದೆ. ಎಪ್ಪತ್ತರ ದಶಕದಲ್ಲಿ ಕಾಕಾನ ದೃಷ್ಟಿ ಮೆಲ್ಲಗೆ ಮಾಸುತ್ತಾ ಬಂದು ದಶಕ ಮುಗಿಯುವ ಹೊತ್ತಿಗೆ ಪೂರ್ತಿ ಹೋಯಿತು. ಕಾಕು ಕ್ಯಾಮೆರಾ ಕೈಗೆತ್ತಿಕೊಂಡರು. ಕಾಕಾ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು.

ಆಮೇಲೆ ಆ ಸ್ಟುಡಿಯೋದಲ್ಲಿ ಫೋಟೋ ತೆಗೆಯುವ ಪದ್ಧತಿಯೇ ಬೇರೆಯಾಯಿತು. ಕಾಕು ಕ್ಯಾಮೆರಾದೊಳಗೆ ಕಂಡದ್ದನ್ನೆಲ್ಲ ಎಡದಿಂದ ಬಲಕ್ಕೆ ಗಟ್ಟಿಯಾಗಿ ಹೇಳಬೇಕು. ಕಾಕಾ ಕೇಳಿ ದೀಪ ಎತ್ತಲಿಕ್ಕೆ, ಇಳಿಸಲಿಕ್ಕೆ ಹೇಳಬೇಕು. ಗಿರಾಕಿಗಳು ತಮ್ಮ ಮುಖದ ವರ್ಣನೆಯನ್ನು ತಾವೇ ಕೇಳುತ್ತಾ ಕೂರಬೇಕು.

“ಎಡಗಡೆ ಹುಡುಗಿ, ಬಲಗಡೆ ಹುಡುಗ. ಜೋಡಿ ಭಾಳ ಚಂದ ಐತ್ರಿ.”

“ಚಂದ ಅಂದ್ರ ನನಗೇನ ಕಾಣತೈತಿ? ಏನೈತಿ ಅದನ್ನ ಹೇಳು.”

“ಹುಡುಗನ ಮೂಗಿನ ನೆರಳು ತುಟಿ ಮ್ಯಾಲೆ ಬಿದ್ದೈತಿ. ಮೀಸಿ ಎರಡಾಗ್ಯಾವು.”

“ಹಾಂ, ಈಗ ಕಂಡತು. ದೀಪ ಇಳಸು.”

ನಾನೊಮ್ಮೆ ಮೆರವಣಿಗೆಯ ವರದಿಯನ್ನು ಕಾಕಾನಿಗೆ ಓದಿ ಹೇಳುತ್ತಿದ್ದಾಗ ‘ಭವ್ಯ’ ಎಂಬ ಪದ ಬಂತು. ಒಳಗಿನಿಂದ ಕಾಕು ಕೂಗಿದರು: “ತಮ್ಮಾ, ಭವ್ಯ ಅಂದ್ರ ಎಷ್ಟ ಎತ್ತಿನಗಾಡಿ?” ಆ ಪದವನ್ನು ನಾನು ಆಮೇಲೆ ಬಳಸಿದ ನೆನಪಿಲ್ಲ.

ಎಂಬತ್ತರ ದಶಕದ ನಡುವಿಗೆ ಮದುವೆಗಳಲ್ಲಿ ವಿಡಿಯೋ ಬೇಕೆನ್ನುವವರು ಹೆಚ್ಚಾದರು. ಕಾಕುವೂ ವಿಡಿಯೋ ಕ್ಯಾಮೆರಾ ತಂದರು. ಒಂದು ಹೆಗಲಿಗೆ ಕ್ಯಾಮೆರಾ, ಇನ್ನೊಂದಕ್ಕೆ ರೆಕಾರ್ಡರ್ ಪೆಟ್ಟಿಗೆ. ಮದುವೆ ಮಂಟಪಕ್ಕೆ ಅವರು ಬಂದರೆ ಜನ ತಾವಾಗಿ ದಾರಿ ಬಿಡುತ್ತಿದ್ದರು. ಆದರೆ ಆ ಕ್ಯಾಮೆರಾ ಬಂದ ಮೇಲೆ ಕಾಕಾ ಸ್ಟುಡಿಯೋಗೆ ಬರುವುದು ಬಿಟ್ಟರು.

“ನಿಂತ ಚಿತ್ರ ನೀ ಹೇಳಿದ್ರ ನನಗ ತಿಳೀತಿತ್ತು,” ಎಂದರಂತೆ. “ಓಡೂ ಚಿತ್ರ ಹೆಂಗ ಹೇಳ್ತಿ? ನೀ ಹೇಳೂದ್ರಾಗ ಅದು ಮುಂದ ಹೋಗಿರತೈತಿ. ನನ್ನ ಕೆಲಸ ಮುಗೀತು.”

ಕುರ್ಚಿ ಖಾಲಿ ಇತ್ತು. ಗಿರಾಕಿಗಳು ಅದರ ಮೇಲೆ ಕೊಡೆ, ಚೀಲ ಇಡತೊಡಗಿದರು. ಕಾಕು ಅವನ್ನು ಎತ್ತಿ ನೆಲಕ್ಕಿಡುತ್ತಿದ್ದರು. “ಅಲ್ಲಿ ಮಂದಿ ಬರೂದೈತಿ,” ಎನ್ನುತ್ತಿದ್ದರು.

ಅದೇ ಹೊತ್ತಿಗೆ ಉದ್ಯಮಬಾಗದ ಪಂಪಿನ ಕಾರ್ಖಾನೆಯೊಂದರ ಮಾಲಕರು ಜಾಹೀರಾತಿನ ವಿಡಿಯೋ ಮಾಡಿಕೊಡಿ ಎಂದು ಬಂದರು. ಊರೂರಿನ ಸಂತೆಯಲ್ಲಿ ಟಿ.ವಿ. ಇಟ್ಟು ರೈತರಿಗೆ ತೋರಿಸುವುದು ಅವರ ಯೋಜನೆ. ಕಾಕು ಖಾನಾಪುರದ ಹತ್ತಿರದ ಒಂದು ಬಾವಿಯ ಬಳಿ ಚಿತ್ರ ತೆಗೆದರು. ಸ್ಟುಡಿಯೋದ ಹಿಂದೆಯೇ ಇದ್ದ ಮನೆಗೆ ತಂದು, ವಿ.ಸಿ.ಆರ್.ಗೆ ಮೈಕು ಸಿಕ್ಕಿಸಿ, ಚಿತ್ರ ಓಡುವಾಗ ತೆರೆಯ ಮೇಲೆ ಏನೇನು ಕಾಣುತ್ತದೋ ಅದನ್ನೆಲ್ಲ ಹೇಳಿ ಧ್ವನಿ ಸೇರಿಸಿದರು. ಅದು ಕಾಕಾನಿಗಾಗಿ. ಕಾಕಾ ಒಮ್ಮೆ ಕೇಳಿ, “ಬಾವಿ ಬಂತು, ನೀರ ಎಲ್ಲಿ ಹೋತು?” ಎಂದರು. ಕಾಕು ಮತ್ತೆ ಹೇಳಿದರು. ಹೀಗೆ ಒಂದು ವಾರ ನಡೆಯಿತು. ಓಡುವ ಚಿತ್ರಕ್ಕೆ ಎಷ್ಟು ಮಾತು ಬೇಕು, ಎಲ್ಲಿ ಸುಮ್ಮನಿದ್ದು ನೀರಿನ ಸದ್ದು ಕೇಳಿಸಬೇಕು ಎಂಬುದನ್ನು ಇಬ್ಬರೂ ಜಗಳಾಡುತ್ತಲೇ ಕಲಿತರು. ಮೇಲಿನ ಕೋಣೆಯಲ್ಲಿದ್ದ ನನಗೆ ಆ ಪಂಪು ಬಾಯಿಪಾಠವಾಯಿತು.

ಮಾಲಕರು ಬಂದು ನೋಡಿದರು. ಅವರೇ ಪಂಪಿನ ಪಕ್ಕ ನಿಂತು ಕೈಮುಗಿಯುವ ದೃಶ್ಯ ಬಂದಾಗ ಕಾಕುವಿನ ಧ್ವನಿ ಹೇಳಿತು: “ಈಗ ಮಾಲಕರು ಬಂದ್ರು. ಕೆಂಪ ಟೈ ಹಾಕ್ಯಾರ. ಟೈ ಸ್ವಲ್ಪ ಸೊಟ್ಟ ಆಗೇತಿ.”

ಮಾಲಕರು ಎದ್ದು ನಿಂತರು. “ಇದೇನ್ರಿ ಕಾಕು! ಕಾಣೂದನ್ನ ಯಾಕ ಹೇಳಬೇಕು? ಕಣ್ಣಿಲ್ಲೇನು ಮಂದಿಗೆ? ಮಾತು ತಗೀರಿ, ಬರೇ ವಾದ್ಯ ಹಾಕ್ರಿ.”

ಕಾಕು ವಾದ್ಯದ ಕ್ಯಾಸೆಟ್ ಬೇರೆ ಮಾಡಿದರು. ಮಾತಿನದನ್ನು ಅಳಿಸಲಿಲ್ಲ.

ಖಾನಾಪುರಕ್ಕೆ ಹೊರಡುವ ದಿನ ಕಾಕು ಗಂಡನನ್ನೂ ಟೆಂಪೋ ಹತ್ತಿಸಿದರು. “ನಾ ಬಂದು ಏನ ನೋಡ್ಲಿ?” ಎಂದರು ಕಾಕಾ. “ನೋಡಬ್ಯಾಡ್ರಿ. ಜನರೇಟರ್ ಸದ್ದು ಕೆಟ್ರ ನಿಮಗ ತಿಳೀತೈತಿ, ಬರ್ರಿ,” ಎಂದರು ಕಾಕು. ನಾನು ವರದಿಗಾಗಿ ಜೊತೆಗೆ ಹೋದೆ.

ಸಂತೆ ತುಂಬುವುದು ಮಧ್ಯಾಹ್ನಕ್ಕೆ. ಹಾಗಾಗಿ ಮಾಲಕರು ಮಧ್ಯಾಹ್ನವೇ ತೋರಿಸಬೇಕೆಂದರು. ಜನ ಸೇರಿದರು, ವಾದ್ಯ ಶುರುವಾಯಿತು. ಪರದೆಯಲ್ಲಿ ಜನರಿಗೆ ಕಂಡದ್ದು ಅವರದೇ ತಲೆಯ ಪಟಗಗಳ ಮಸುಕು ನೆರಳು.

“ಏನೈತಿ ಇದ್ರಾಗ? ನಮ್ಮ ಮಾರಿ ನೋಡಾಕ ಇಷ್ಟ ದೂರ ಬರಬೇಕಿತ್ತೇನು?” ಎಂದು ಒಬ್ಬರು ಚೀಲ ಹೊತ್ತು ಹೊರಟರು. ಹಿಂದೆಯೇ ನಾಲ್ಕಾರು ಮಂದಿ.

ಟೆಂಪೋದ ಹಿಂದೆ ಕೂತಿದ್ದ ಕಾಕಾ ಕೇಳಿದರು: “ಮಂದಿ ಹೊಂಟ್ರಲ್ಲ, ಯಾಕ?”

“ಬಿಸಿಲಿಗೆ ಪರದಿ ಬೆಳ್ಳಗಾಗೇತ್ರಿ. ಯಾರಿಗೂ ಏನೂ ಕಾಣವಲ್ದು,” ಎಂದರು ಕಾಕು.

ಕಾಕಾ ನಕ್ಕರು. “ಹಂಗಾರ ಎಲ್ಲಾರೂ ನನ್ನ ಪಂಗಡಕ್ಕ ಬಂದ್ರು! ನನ್ನ ಕ್ಯಾಸೆಟ್ ಹಾಕು.”

ಕಾಕು ಚೀಲಕ್ಕೆ ಕೈಹಾಕಿದರು. ಮಾಲಕರು ಓಡಿ ಬಂದರು. “ಬ್ಯಾಡ್ರಿ, ಅದ್ರಾಗ ಟೈ ಐತಿ!”

“ಟೈ ಯಾರಿಗೂ ಕಾಣಂಗಿಲ್ಲ ಸಾವ್ಕಾರ್ರ, ಸುಮ್ನ ನಿಂದರ್ರಿ,” ಎಂದು ಕಾಕು ಕ್ಯಾಸೆಟ್ ತಳ್ಳಿದರು.

“ಎಡಗಡೆ ಕಲ್ಲು ಕಟ್ಟಿದ ಬಾವಿ. ನೀರು ಆಳಕ್ಕ ಐತಿ. ಬಾವಿ ಬಾಜು ಹಸರ ಪಂಪು, ಮೊಣಕಾಲಿನಷ್ಟು ಎತ್ತರ. ಗುಂಡಿ ಒತ್ತಿದ್ರು. ಪೈಪು ಒಮ್ಮೆ ಜಿಗೀತು...” ಮಾತು ನಿಂತಿತು. ನೀರು ಧುಮುಕುವ ಸದ್ದು ಕೇಳಿತು. “ಮದಲ ಕೆಂಪ ನೀರು. ಈಗ ತಿಳಿ.”

ಹೊರಟವರು ನಿಂತರು. ಮರಾಠಿಯವರಿಗೆ ಪಕ್ಕದವರು ತಿರುಗಿಸಿ ಹೇಳುತ್ತಿದ್ದರು. “ಪೈಪು ಎಷ್ಟ ದಪ್ಪ?” ಎಂದು ಮುದುಕರೊಬ್ಬರು ಟಿ.ವಿ.ಯನ್ನೇ ಕೇಳಿದರು. “ಪೈಪು ನನ್ನ ತೋಳಿನಷ್ಟ ದಪ್ಪ,” ಎಂದಿತು ಟಿ.ವಿ. ಜನರೆಲ್ಲ ತಿರುಗಿ ಕಾಕುವಿನ ತೋಳು ನೋಡಿದರು. ಕಾಕು ಸೆರಗು ಸರಿಸಿ ತೋಳು ಎತ್ತಿ ತೋರಿಸಿದರು. ಟೈನ ಮಾತು ಬಂದಾಗ ಮಾಲಕರ ಕೈ ತಾನಾಗಿ ಕೊರಳಿಗೆ ಹೋಯಿತು. ಆ ದಿನವೂ ಅದು ಸೊಟ್ಟಗೇ ಇತ್ತು. ಸಂತೆಯ ನಗು ಜನರೇಟರಿನ ಸದ್ದನ್ನು ಮುಚ್ಚಿತು. ಜನ ಇನ್ನೊಮ್ಮೆ ಹಾಕಿಸಿ ಕೇಳಿದರು.

ಮರುದಿನ ಬೆಳಿಗ್ಗೆ ಕಾಕಾ ಸ್ಟುಡಿಯೋಗೆ ಬಂದರು. ಕುರ್ಚಿಯ ಮೇಲೆ ಯಾರದೋ ಕೊಡೆ ಇತ್ತು. “ಇಲ್ಲಿ ಮಂದಿ ಕುಂದರ್ತಾರ,” ಎಂದು ತಾವೇ ಎತ್ತಿಟ್ಟರು.

ಆಮೇಲೆ ಮಾಲಕರೇ ‘ಮಾತಿನ ಕ್ಯಾಸೆಟ್’ ಬೇಕೆಂದು ಕೇಳತೊಡಗಿದರು. ಸುತ್ತಿಗೆ ಸದ್ದಿನಲ್ಲಿ ಕಿವಿ ಮಂದವಾದ ಕೆಲಸಗಾರರಿಗೆಂದು, ಯಂತ್ರ ನಡೆಸುವ ಕ್ರಮದ ವಿಡಿಯೋ ಕೂಡ ಮಾಡಿಸಿದರು. ಅದರಲ್ಲಿ ಮಾತಿನ ಬದಲು ಕನ್ನಡ, ಮರಾಠಿಯ ದಪ್ಪ ಅಕ್ಷರಗಳ ಹಲಗೆಗಳು. ತಡವರಿಸಿ ಓದುವವರೂ ಮುಗಿಸುವ ತನಕ ಹಲಗೆ ನಿಲ್ಲಬೇಕೆಂದು ಕಾಕಾ ಹಟ ಹಿಡಿದಿದ್ದರು. ಕಾಕುವನ್ನು ಎದುರಿಗೆ ಕಂಡಾಗಲೆಲ್ಲ ಮಾಲಕರು ಮೊದಲು ಟೈ ಮುಟ್ಟಿಕೊಂಡು ಆಮೇಲೆ ನಮಸ್ಕಾರ ಹೇಳುತ್ತಿದ್ದರು.

1989ರ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಅಂಗಳದಲ್ಲಿ ಕಾಕಾನ ಪಕ್ಕ ನಾನು ನಿಂತಿದ್ದೆ. ಅವರು ನನ್ನ ಕೈ ಹಿಡಿದು, “ಹೇಳು,” ಎಂದರು.

ಎಡದಿಂದ ಶುರು ಮಾಡಿದೆ. ಗೋಡೆಗೆ ಒರಗಿಸಿ ಕೂರಿಸಿದ್ದಾರೆ. ಹಣೆಗೆ ವಿಭೂತಿ. ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಚೆಂಡು ಹೂವಿನ ಮಾಲೆ. ಎರಡೂ ಕಣ್ಣು ಮುಚ್ಚಿವೆ. ಬಾಗಿಲಲ್ಲಿ ಕಾರ್ಖಾನೆಯ ಮಾಲಕರು ಬಂದರು.

“ಟೈ?” ಎಂದರು ಕಾಕಾ.

“ಹಾಕ್ಯಾರ್ರಿ.”

“ಸೊಟ್ಟ?”

“ಹೂನ್ರಿ ಕಾಕಾ. ಸೊಟ್ಟ ಐತಿ.”

ಮುಂದಿನ ವಾರ ಸ್ಟುಡಿಯೋ ತೆರೆಯಿತು. ಕ್ಯಾಮೆರಾ ಕಾಕುವಿನ ತಂಗಿಯ ಮಗಳ ಕೈಯಲ್ಲಿತ್ತು. ಕಾಕಾ ಕುರ್ಚಿಯಲ್ಲಿದ್ದರು.