ಸೌದಿ ದೊರೆಗಾಗಿ ಅಮ್ಮನ ತಲೆಸ್ನಾನ

ಕಳೆದ ಮಂಗಳವಾರ ಮಧ್ಯಾಹ್ನ ಲೈಬ್ರರಿ ಕೆಲಸ ಮುಗಿಸಿ ಮನೆಗೆ ಬಂದೆ. ಅಮ್ಮ ಸೋಫಾದ ತುದಿಯಲ್ಲಿ ಒದ್ದೆ ತಲೆ ಬಿಟ್ಟುಕೊಂಡು ಕೂತಿದ್ದಳು.

ಬೆಳಿಗ್ಗೆಯೇ ಅವಳ ಸ್ನಾನ ಆಗಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಮತ್ತೊಮ್ಮೆ ತಲೆಗೆ ತಣ್ಣೀರು ಸುರಿದುಕೊಂಡಿದ್ದಾಳೆ ಎಂದರೆ ನಮ್ಮ ಕಡೆ ಅದಕ್ಕೆ ಅರ್ಥ ಒಂದೇ. ಯಾರೋ ಹೋಗಿದ್ದಾರೆ. ಮೈಸೂರಿನಿಂದ ಟೆಲಿಗ್ರಾಂ ಬಂತೇ? ಅಪ್ಪನಿಗೇನಾದರೂ ಆಯಿತೇ?

"ದೊರೆ ಹೋದರು ಕಣೇ," ಎಂದಳು ಅಮ್ಮ.

ಯಾವ ದೊರೆ? ನಮ್ಮ ಮಹಾರಾಜರು ತೀರಿಕೊಂಡ ಸುದ್ದಿ ಹೋದ ವರ್ಷವೇ ಬಂದಿತ್ತು. ಆಗಲೂ ಅಮ್ಮ ಹೀಗೇ ಸ್ನಾನ ಮಾಡಿದ್ದಳು. ಇನ್ನು ಉಳಿದಿರುವ ದೊರೆ ಯಾರು? ಅಮ್ಮ ಟಿವಿ ಕಡೆ ಕೈ ತೋರಿಸಿದಳು. ಸೌದಿ ಅರೇಬಿಯಾದ ದೊರೆ. ಸ್ವಂತ ತಮ್ಮನ ಮಗನೇ ಹತ್ತಿರ ಬಂದು ಗುಂಡು ಹಾರಿಸಿದನಂತೆ. ಅದಕ್ಕೆ ಇಲ್ಲಿ, ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್ ಎಂಬ ಊರಿನಲ್ಲಿ, ಮೈಸೂರಿನ ಒಬ್ಬ ಬ್ರಾಹ್ಮಣ ಮುತ್ತೈದೆಯ ತಲೆಸ್ನಾನ!

ನನಗೆ ನಗು ತಡೆಯಲಾಗಲಿಲ್ಲ. ಆದರೆ ಅಮ್ಮನ ಮುಂದಿನ ಮಾತು ಕೇಳಿ ನಗು ಅಲ್ಲೇ ನಿಂತಿತು.

"ಶನಿವಾರದ ಆರತಿ ನನ್ನ ಕೈಲಾಗಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊ."

ಶನಿವಾರ ನನ್ನ ಮಗಳು ನಂದಿನಿಯ ಮೊದಲ ಹುಟ್ಟುಹಬ್ಬ. (ಕೇಕ್ ಕತ್ತರಿಸುವ ಹುಟ್ಟುಹಬ್ಬ ಆಗಲೇ ಆಗಿಹೋಗಿತ್ತು. ಇದು ಪಂಚಾಂಗದ ಪ್ರಕಾರದ್ದು, ಅಂದರೆ ಅಮ್ಮನ ಪ್ರಕಾರ ನಿಜವಾದದ್ದು.) ಸುತ್ತಲಿನ ಊರುಗಳಿಂದೆಲ್ಲ ಜನರನ್ನು ಕರೆದಾಗಿದೆ. ಅಮ್ಮ ಬಂದಿದ್ದು ಆರು ತಿಂಗಳ ಬಾಣಂತನಕ್ಕೆ. ಈ ಆರತಿ ಎತ್ತಿಯೇ ಹೋಗುತ್ತೇನೆಂದು ವೀಸಾ ಎಕ್ಸ್‌ಟೆಂಡ್ ಮಾಡಿಸಿಕೊಂಡು ಇಲ್ಲಿಯವರೆಗೆ ನಿಂತಿದ್ದಾಳೆ. ಮುಂದಿನ ತಿಂಗಳು ಹೊರಟರೆ ಮತ್ತೆ ಯಾವಾಗ ಬರುತ್ತಾಳೋ. ಈಗ ಆರತಿಯೇ ಇಲ್ಲವೆಂದರೆ? ಅದೂ ಎಲ್ಲಿಯದೋ ಮರಳುಗಾಡಿನ ದೊರೆಯ ಸಲುವಾಗಿ?

ತಮಾಷೆ ಏನು ಗೊತ್ತೇ? ಒಂದು ವರ್ಷದ ಹಿಂದೆ ಇದೇ ಅಮ್ಮ ಇದೇ ದೊರೆಗೆ ದಿನಾ ಹಿಡಿಶಾಪ ಹಾಕುತ್ತಿದ್ದಳು.

ಹೋದ ಚಳಿಗಾಲದ ಕಥೆಯನ್ನು ನಿಮಗೆ ಈ ಅಂಕಣದಲ್ಲಿ ಅಷ್ಟಿಷ್ಟು ಹೇಳಿದ್ದೆ. ಅಮೆರಿಕ ಇಸ್ರೇಲಿನ ಪಕ್ಷ ವಹಿಸಿತು ಎಂಬ ಸಿಟ್ಟಿಗೆ ಅರಬ್ ದೇಶಗಳು ಎಣ್ಣೆ ಕಳಿಸುವುದನ್ನು ನಿಲ್ಲಿಸಿದವು. ಅದರಲ್ಲಿ ಈ ದೊರೆಯೇ ಮುಂದಾಳು. ಇಲ್ಲಿ ಕಾರು ಇಲ್ಲದವನು ಕಾಲು ಇಲ್ಲದವನಂತೆ. ಗ್ಯಾಸ್ ಸ್ಟೇಷನ್ನುಗಳ ಮುಂದೆ (ಇಲ್ಲಿ ಪೆಟ್ರೋಲನ್ನು ಗ್ಯಾಸ್ ಎನ್ನುತ್ತಾರೆ, ಅದೇಕೋ) ಬೆಳಗಿನ ಜಾವದಿಂದ ಕಾರುಗಳ ಸಾಲು. ಅಮೆರಿಕನ್ನರು ಹಾರ್ನ್ ಹೊಡೆದರು, ಕಿರುಚಾಡಿದರು, ಒಬ್ಬರಿಗೊಬ್ಬರು ಮುಷ್ಟಿ ತೋರಿಸಿದರು. ಸೀಮೆಎಣ್ಣೆ ಕ್ಯೂನಲ್ಲಿ ನಿಂತು ಬೆಳೆದ ನಮ್ಮನೆಯವರು ಮಾತ್ರ ಡಬ್ಬಿಯಲ್ಲಿ ಉಪ್ಪಿಟ್ಟು ಹಾಕಿಸಿಕೊಂಡು, ಪೇಪರ್ ಹಿಡಿದುಕೊಂಡು, ಪಿಕ್‌ನಿಕ್ಕಿಗೆ ಹೋದವರ ಹಾಗೆ ಹೋಗಿ ಬರುತ್ತಿದ್ದರು.

ಆಮೇಲೆ ಸರ್ಕಾರ ಒಂದು ನಿಯಮ ತಂದಿತು. ಕಾರಿನ ನಂಬರು ಬೆಸವಾದರೆ ಬೆಸ ತಾರೀಕಿನಂದು ಗ್ಯಾಸ್, ಸಮವಾದರೆ ಸಮ ತಾರೀಕಿನಂದು. ನಮ್ಮದು ಬೆಸ. ನಾನು ತುಂಬು ಗರ್ಭಿಣಿ. ಆಸ್ಪತ್ರೆ ಹತ್ತಿರವಿಲ್ಲ. ಹೆರಿಗೆ ನೋವು ಸಮ ತಾರೀಕಿನಂದು ಬಂದರೆ ಏನು ಗತಿ ಎಂಬ ಚಿಂತೆ ಅಮ್ಮನಿಗೆ. ರಾಹುಕಾಲ, ಗುಳಿಕಕಾಲ ನೋಡುತ್ತಿದ್ದವಳು ಕ್ಯಾಲೆಂಡರಿನ ಮುಂದೆ ನಿಂತು ಬೆಸ, ಸಮ ಎಣಿಸುವ ಹಾಗಾಯಿತು.

ಅದಕ್ಕಿಂತ ದೊಡ್ಡ ಪ್ರಸಂಗ ಒಂದಿದೆ. ಅಮ್ಮ ಬಂದ ಹೊಸದರಲ್ಲಿ ಇವರು ಆಫೀಸಿನಿಂದ ಬಂದು ಕೋಟು ತೆಗೆಯುತ್ತಾ, ಅರಬ್ ದೊರೆ ಎಣ್ಣೆ ನಿಲ್ಲಿಸಿಬಿಟ್ಟಿದ್ದಾನೆ, ಇನ್ನು ಮೇಲೆ ಎಣ್ಣೆ ನೋಡಿಕೊಂಡು ಖರ್ಚು ಮಾಡಬೇಕು ಎಂದರು. ಹೇಳಿದ್ದು ನನಗೆ. ಅಡುಗೆಮನೆಯಲ್ಲಿದ್ದ ಅಮ್ಮ ಕೇಳಿಸಿಕೊಂಡಳು. ಮರುದಿನದಿಂದ ಸಾರಿಗೆ ಒಗ್ಗರಣೆ ಇಲ್ಲ. ದೋಸೆ ಕಾವಲಿಗೆ ಅಂಟುತ್ತದೆ. ಹಪ್ಪಳವನ್ನು ಸುಡುತ್ತಾಳೆ, ಕರಿಯುವುದಿಲ್ಲ. ಬಾಣಂತನಕ್ಕೆಂದು ಸೂಟ್‌ಕೇಸಿನಲ್ಲಿ ತಂದಿದ್ದ ಹರಳೆಣ್ಣೆ ಡಬ್ಬ ನಾಪತ್ತೆ.

ನಮ್ಮ ಮೈಸೂರಿನ ಕಡೆಯ ಹಳೆಯ ಕಾಲದ ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡುವವಳಲ್ಲ. ಅಳಿಯ ಎದುರಿಗೇ ಕೂತಿದ್ದರೂ "ಅವರಿಗೆ ಇನ್ನೊಂದು ಸೌಟು ಬೇಕಾ ಕೇಳು" ಎಂದು ನನಗೆ ಹೇಳುತ್ತಾಳೆ. ಅಳಿಯನೂ ಅಷ್ಟೇ ಮರ್ಯಾದಸ್ಥ. ಒಗ್ಗರಣೆ ಎಲ್ಲಿ ಎಂದು ಕೇಳುವುದು ಹೇಗೆ? ನಾಲ್ಕು ದಿನ ಬೋಳು ಸಾರು ಉಂಡು, ಕೊನೆಗೆ ನನ್ನನ್ನು ಮೂಲೆಗೆ ಕರೆದು ಮೆಲ್ಲಗೆ ಕೇಳಿದರು:

"ಅತ್ತೆಯವರಿಗೆ ನನ್ನ ಮೇಲೇನಾದ್ರೂ ಬೇಜಾರಾ?"

ವಿಷಯ ಬಯಲಾದಾಗ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. (ಒಂಬತ್ತು ತಿಂಗಳ ಹೊಟ್ಟೆ ಹಿಡಿದುಕೊಂಡು ನಗುವುದು ಸುಲಭವಲ್ಲ.) ಅರಬ್ ದೊರೆ ನಿಲ್ಲಿಸಿದ್ದು ಕಡಲೆಕಾಯಿ ಎಣ್ಣೆಯಲ್ಲ, ಹರಳೆಣ್ಣೆಯೂ ಅಲ್ಲ ಎಂದು ತಿಳಿಸಿ ಹೇಳಿದೆವು. ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಬಾಯ್ಲರ್ ತೋರಿಸಿದೆವು. ಮನೆ ಬೆಚ್ಚಗಾಗುವುದು, ನಲ್ಲಿಯಲ್ಲಿ ಬಿಸಿನೀರು ಬರುವುದು ಈ ಬಾಯ್ಲರ್ ಉರಿಸುವ ಎಣ್ಣೆಯಿಂದ, ಅದಕ್ಕೇ ಈಗ ತತ್ವಾರ ಎಂದೆವು.

ಅಮ್ಮನ ಮುಖ ಇನ್ನೂ ಇಳಿದುಹೋಯಿತು. ಒಗ್ಗರಣೆ ಹೋದರೆ ಹೋಗಲಿ, ಬಾಣಂತಿಗೆ ಬಿಸಿನೀರು ಇಲ್ಲವೇ? ಎಣ್ಣೆ ಹಚ್ಚಿ ಹಂಡೆಗಟ್ಟಲೆ ನೀರು ಹಾಕದೆ ಅದೆಂಥ ಬಾಣಂತನ? ಅಂದಿನಿಂದ ದೊರೆಗೆ ಬೈಗುಳ ಶುರು. ನಂದಿನಿ ಹುಟ್ಟಿದ ಮೇಲಂತೂ ದಿನಕ್ಕೆರಡು ಬಾರಿ. ಮಗುವನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವಾಗ ನಲ್ಲಿ ನೀರು ತಣ್ಣಗಾದರೆ ಸಾಕು, ಅವನ ವಂಶವನ್ನೆಲ್ಲ ಎತ್ತಿ ಆಡುತ್ತಿದ್ದಳು.

ಹೀಗಿದ್ದ ಬೈಗುಳ ನಿಂತಿದ್ದು ಹೇಗೆ? ಅದಕ್ಕೆ ಇವರು ಓದಿ ಹೇಳಿದ ಒಂದು ಮ್ಯಾಗಝಿನ್ ಲೇಖನ ಕಾರಣ.

ಮುಖಪುಟದಲ್ಲಿ ದೊರೆಯ ಚಿತ್ರ. ಗಿಡುಗನ ಮೂಗು, ಬಳಲಿದ ಕಣ್ಣು. ಒಳಗೆ ಅವನ ಜೀವನಚರಿತ್ರೆ. ಇವರು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳತೊಡಗಿದರು (ನನಗೆ ಹೇಳುವ ನೆಪದಲ್ಲಿ). ಅಮ್ಮ ನಂದಿನಿಯನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಾ ಕೇಳಿದಳು. ದೊರೆ ಕೈಗೂಸಾಗಿದ್ದಾಗಲೇ ತಾಯಿ ತೀರಿಕೊಂಡರಂತೆ, ತಾಯಿಯ ಅಪ್ಪ ಅಮ್ಮನೇ ಬೆಳೆಸಿದರಂತೆ. ಅಮ್ಮನಿಂದ "ಅಯ್ಯೋ ಪಾಪ" ಎಂಬ ಮೊದಲ ಉದ್ಗಾರ. ಮೀಸೆ ಮೂಡುವ ಮೊದಲೇ ತಂದೆಯ ಪ್ರತಿನಿಧಿಯಾಗಿ ಲಂಡನ್ನಿಗೆ ಹೋದನಂತೆ. ಅಣ್ಣ ಪಟ್ಟಕ್ಕೆ ಬಂದು ಬೊಕ್ಕಸ ಬರಿದು ಮಾಡಿದಾಗ ಮನೆಯವರೂ ಧರ್ಮಗುರುಗಳೂ ಸೇರಿ ಇವನನ್ನು ಪಟ್ಟಕ್ಕೇರಿಸಿದರಂತೆ. ಹೊಟ್ಟೆ ಹುಣ್ಣಿನಿಂದಾಗಿ ಸಪ್ಪೆ ಊಟವೇ ಅಂತೆ. ಅಷ್ಟೆಲ್ಲ ಎಣ್ಣೆ ಇಟ್ಟುಕೊಂಡು ಒಗ್ಗರಣೆ ಇಲ್ಲದ ಊಟವೇ ಎಂದು ಅಮ್ಮ ಮರುಗಿದಳು.

ಆಮೇಲೆ ಸ್ಕೂಲಿನ ವಿಷಯ ಬಂತು.

ಆ ದೇಶದಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸ್ಕೂಲೇ ಇರಲಿಲ್ಲವಂತೆ. ಪಟ್ಟಕ್ಕೆ ಬರುವ ಮೊದಲೇ ಇವನು, ರಾಣಿಯ ಒತ್ತಾಸೆಯಿಂದ, ಸ್ಕೂಲು ತೆರೆಸಿದನಂತೆ. ಒಂದು ಊರಿನ ಗಂಡಸರು ಗುಂಪು ಕಟ್ಟಿಕೊಂಡು ಬಂದು ಅರಮನೆಯ ಮುಂದೆ ಕೂತರಂತೆ, ನಮ್ಮೂರಿಗೆ ಬೇಡ ಎಂದು. ಬೇಡದವರು ಕಳಿಸಬೇಡಿ, ಸ್ಕೂಲು ಮಾತ್ರ ಇರುತ್ತದೆ ಎಂದನಂತೆ ಇವನು. ಆ ಸ್ಕೂಲಿನಲ್ಲಿ ಮೊದಲ ವರ್ಷ ಓದಿದ್ದು ಒಬ್ಬಳೇ ಹುಡುಗಿ. ಅವಳೂ ಹೆಡ್‌ಮಿಸ್ಟ್ರೆಸ್ ಮಗಳು!

ಇವರು ನಕ್ಕು ಪುಟ ತಿರುಗಿಸಿದರು. ಅಮ್ಮ ನಗಲಿಲ್ಲ. ಮಗುವನ್ನು ತಟ್ಟುತ್ತಿದ್ದ ಕೈ ನಿಂತಿತ್ತು.

ನನ್ನ ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಪರದೆ ಕಟ್ಟಿದ ಗಾಡಿಯಲ್ಲಿ ಸ್ಕೂಲಿಗೆ ಹೋಗುತ್ತಿದ್ದಳಂತೆ. ಲೆಕ್ಕದಲ್ಲಿ ಕ್ಲಾಸಿಗೇ ಮುಂದು. ಒಂದು ದಿನ ಗಾಡಿ ಬಾಗಿಲಿಗೆ ಬಂದಾಗ ತಾತ, ಇನ್ನು ಮೇಲೆ ಬರುವುದು ಬೇಡ ಎಂದು ಗಾಡಿಯವನನ್ನು ಹಿಂದಕ್ಕೆ ಕಳಿಸಿದರು. ಮದುವೆ ಗೊತ್ತಾಗಿತ್ತು. ಬಾಗಿಲ ಹಿಂದೆ ಸ್ಲೇಟು ಹಿಡಿದು ನಿಂತಿದ್ದ ಅಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಇದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ನಾನು ಬಿ.ಎಸ್‌ಸಿ. ಪಾಸಾದ ದಿನ.

ಅವತ್ತಿನಿಂದ ಬೈಗುಳ ಬಂದ್. ಏಕವಚನ ಹೋಗಿ ಬಹುವಚನ ಬಂತು. ನಲ್ಲಿಯಲ್ಲಿ ತಣ್ಣೀರು ಬಂದರೆ, ದೊರೆಗಳಿಗೆ ಏನು ಕಷ್ಟವೋ ಏನೋ ಎನ್ನುವಷ್ಟು ದೂರ ಹೋದಳು. ಅಷ್ಟರಲ್ಲಿ ಎಣ್ಣೆಯೂ ಬರತೊಡಗಿತು. ಅದು ತನ್ನ ಬಾಯಿ ಒಳ್ಳೆಯದಾಗಿದ್ದರ ಫಲವೆಂದು ಅಮ್ಮ ನಂಬಿರಬಹುದೇ? ನನಗಂತೂ ಅನುಮಾನವಿದೆ.

ಈಗ ಶನಿವಾರಕ್ಕೆ ಬರೋಣ.

ನಾನು ಹಿಕ್ಸ್‌ವಿಲ್‌ನಲ್ಲಿರುವ ಶಾಸ್ತ್ರಿ ಅಂಕಲ್‌ಗೆ ಫೋನ್ ಮಾಡಿದೆ. ವಾರದ ದಿನಗಳಲ್ಲಿ ಅವರು ಎಂಜಿನಿಯರ್, ಶನಿವಾರ ಭಾನುವಾರ ಪುರೋಹಿತರು. ಎಲ್ಲ ಕೇಳಿಕೊಂಡು ಗಂಭೀರವಾಗಿ ತೀರ್ಪು ಕೊಟ್ಟರು. ದೊರೆ ಸತ್ತರೆ ಪ್ರಜೆಗಳಿಗೆ ಮೈಲಿಗೆ ಆ ದಿನದ ಬೆಳಕು ಇರುವಷ್ಟು ಹೊತ್ತು ಮಾತ್ರ. ಅದಿರಲಿ, ನಿಮ್ಮಮ್ಮ ಸ್ನಾನ ಮಾಡಿದ್ದು ಎಷ್ಟು ಗಂಟೆಗೆ? ಮಧ್ಯಾಹ್ನವೇ? ಹಾಗಾದರೆ ಅರೇಬಿಯಾದಲ್ಲಿ ಆಗಲೇ ಕತ್ತಲಾಗಿದೆಯಲ್ಲಮ್ಮ, ಸ್ನಾನಕ್ಕೆ ಮೊದಲೇ ಮೈಲಿಗೆ ಹೋಗಿಯಾಯಿತು ಎಂದರು.

ಗೆದ್ದೆ ಎಂದುಕೊಂಡು ಅಮ್ಮನಿಗೆ ವರದಿ ಒಪ್ಪಿಸಿದೆ. ಅಮ್ಮ ನನ್ನನ್ನೊಮ್ಮೆ ನೋಡಿದಳು.

"ಮೈಲಿಗೆ ಹೋಗೋದು ನನಗೂ ಗೊತ್ತು ಕಣೇ. ನನಗೆ ಮನಸ್ಸಿಲ್ಲ, ಅಷ್ಟೆ. ಸ್ಕೂಲು ತೆರೆದೋರು ಹೋದರು. ಇನ್ನು ಆ ಊರ ಗಂಡಸರು ಸುಮ್ಮನಿರ್ತಾರಾ? ಬಾಗಿಲು ಹಾಕಿಸ್ತಾರೆ. ಇಲ್ಲಿ ನಾನು ಒಂದು ಹೆಣ್ಣುಮಗೂಗೆ ಆರತಿ ಎತ್ತಿಕೊಂಡು ಕೂತಿರಲಾ?"

ನನಗೆ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಶನಿವಾರ ಬಂತು. ಮನೆ ತುಂಬ ಜನ. ಅಂಕಲ್‌ಗಳೆಲ್ಲ ಒಂದು ಮೂಲೆಯಲ್ಲಿ ಕೂತು, ಹೊಸ ದೊರೆ ಬಂದರೆ ಗ್ಯಾಸ್ ಬೆಲೆ ಏನಾಗಬಹುದು ಎಂದು ಚರ್ಚೆ ಮಾಡುತ್ತಿದ್ದರು. ಅಮ್ಮ ಹೋಳಿಗೆಯನ್ನೇನೋ ಮಾಡಿದ್ದಳು. ಆರತಿ ತಟ್ಟೆಯೂ ಸಿದ್ಧವಾಗಿತ್ತು, ಬತ್ತಿ ಹೊಸೆದು ಎಣ್ಣೆ ಹಾಕಿಟ್ಟಿತ್ತು. ಹಚ್ಚುವವಳು ಮಾತ್ರ ಅಡುಗೆಮನೆ ಬಿಟ್ಟು ಈಚೆಗೆ ಬರಲಿಲ್ಲ.

ಕೊನೆಯಲ್ಲಿ ಬಂದವರು ಸಲ್ಮಾ ಮತ್ತವಳ ಗಂಡ. ಅವನು ಸೌದಿಯ ಜೆಡ್ಡಾದವನು, ಇವರ ಲ್ಯಾಬಿನಲ್ಲಿ ಟ್ರೇನಿಂಗಿಗೆ ಬಂದಿದ್ದಾನೆ. ಹಿಂದಿನ ವಾರವೇ ಕರೆದಿದ್ದೆವು. ದುಃಖದ ಹೊತ್ತು, ಬಾರದಿದ್ದರೂ ಬೇಸರವಿಲ್ಲ ಎಂದು ಇವರು ಫೋನ್ ಮಾಡಿದ್ದರು. ಮಗುವಿನ ಸಮಾರಂಭ, ಒಂದು ಗಳಿಗೆ ಬಂದು ಹೋಗುತ್ತೇವೆ ಎಂದಿದ್ದರಂತೆ. ಸಲ್ಮಾ ಆಗತಾನೇ ಇಪ್ಪತ್ತು ದಾಟಿದ ಹುಡುಗಿ. ತಲೆಗೆ ಸ್ಕಾರ್ಫ್, ಅತ್ತು ಕೆಂಪಾದ ಕಣ್ಣು.

ಅವಳು ಆ ದೇಶದವಳೆಂದು ನಾನು ಹೇಳಿದ್ದೇ ತಡ, ಅಮ್ಮ ಕೈ ಒರೆಸಿಕೊಳ್ಳುತ್ತಾ ಹಾಲಿಗೆ ಬಂದಳು. ಕಾಫಿ ಬೇಕೇ ಎಂದೂ ಕೇಳಲಿಲ್ಲ.

"ಇವಳ ಊರಲ್ಲಿ ಹೆಣ್ಣುಮಕ್ಕಳ ಸ್ಕೂಲು ಇನ್ನು ನಡೆಯುತ್ತಾ ಕೇಳು."

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅಂಕಲ್‌ಗಳ ಚರ್ಚೆ ನಿಂತಿತು. ಸಲ್ಮಾಗೆ ಮೊದಲು ಆಶ್ಚರ್ಯವಾಯಿತು. ಆಮೇಲೆ ಹೇಳಿದಳು. ತಾನು ಓದಿದ್ದು ಅಂಥದೇ ಸ್ಕೂಲಿನಲ್ಲಿ. ತನ್ನ ಇಬ್ಬರು ತಂಗಿಯರು ಈಗಲೂ ಅಲ್ಲೇ ಓದುತ್ತಿದ್ದಾರೆ. ಮುಂದೇನಾಗುತ್ತದೋ ಯಾರಿಗೆ ಗೊತ್ತು, ಅವಳ ದೊಡ್ಡಪ್ಪ ಆಗಲೇ ಗೊಣಗುತ್ತಿದ್ದಾರಂತೆ. ಆದರೆ ಅವಳಮ್ಮ ದಿನಾ ತಾನೇ ಗೇಟಿನವರೆಗೂ ಹೋಗಿ ಇಬ್ಬರನ್ನೂ ಬಿಟ್ಟು ಬರುತ್ತಾಳಂತೆ. ಮಳೆ ಬರಲಿ, ಮರಳುಗಾಳಿ ಬರಲಿ, ದೊರೆ ಬದಲಾಗಲಿ, ಅದು ತಪ್ಪುವುದಿಲ್ಲವಂತೆ.

ಅಮ್ಮ ತಲೆಯಾಡಿಸುತ್ತಾ ಪೂರ್ತಿ ಕೇಳಿದಳು.

"ಅವಳಮ್ಮ ಎಷ್ಟನೇ ಕ್ಲಾಸಿನವರೆಗೆ ಓದಿದಾರಂತೆ?"

ಸಲ್ಮಾ ಸ್ವಲ್ಪ ಸಂಕೋಚದಿಂದ ನಕ್ಕಳು. ತನ್ನ ಅಮ್ಮನಿಗೆ ಓದು ಬರಹ ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾಳೆ ಎಂದಳು.

"ಹಾಗಿದ್ರೆ ಆ ಸ್ಕೂಲು ಮುಚ್ಚಲ್ಲ ಬಿಡು," ಎಂದು ಅಮ್ಮ ಬೆಂಕಿಪೊಟ್ಟಣ ತೆಗೆದುಕೊಂಡಳು.